ದೊಡ್ಡಮ್ಮ ಮತ್ತು ಟ್ರಾನ್ಸಮ್ಮ

ನಮ್ಮ ದೊಡ್ಡಮ್ಮ ಯಾರ ಮನೆಗೆ ಹೋದರೂ ಬಾಗಿಲು ಬಡಿಯುತ್ತಾಳೆ. ಬಾಗಿಲು ಹಾರುಹೊಡೆದಿದ್ದರೂ ಬಡಿಯುತ್ತಾಳೆ! ಒಳಗಿನವರನ್ನು ಕರೆಯೋದಕ್ಕೆ ಅಂದುಕೊಂಡಿರಾ? ಬಾಗಿಲು ಗಟ್ಟಿಯಿದೆಯೋ ಟೊಳ್ಳಾಗಿದೆಯೋ ಅಂತ ತಿಳಿಯೋದಕ್ಕೆ ಮಾರಾಯ್ರೇ. ಬೆರಳಿನ ಗೆಣ್ಣಿನಿಂದ ಮೇಲೊಮ್ಮೆ ಕೆಳಗೊಮ್ಮೆ ಕುಟ್ಟಿ, ಕಿವಿ ವಾಲಿಸಿ, ಕಣ್ಣು ಮುಚ್ಚಿ ಕೇಳುತ್ತಾಳೆ. ಮನೆಯವರು ಗಾಬರಿಯಿಂದ "ಬನ್ನಿ, ಕೂತ್ಕೊಳ್ಳಿ" ಅಂದರೆ, ಕೂರುವ ಮೊದಲು ಕುರ್ಚಿಯನ್ನೂ ಕುಟ್ಟುತ್ತಾಳೆ.

ಹಲಸಿನಹಣ್ಣು, ತೆಂಗಿನಕಾಯಿ, ಗ್ಯಾಸ್ ಸಿಲಿಂಡರು ಇವನ್ನೆಲ್ಲ ನೀವೂ ಕುಟ್ಟುತ್ತೀರಿ, ನಾನೂ ಕುಟ್ಟುತ್ತೇನೆ. ಆದರೆ ಸುಂಟಿಕೊಪ್ಪದಲ್ಲಿ ನಿಂತ ಬಸ್ಸಿನ ಸುತ್ತ ಪ್ರದಕ್ಷಿಣೆ ಹಾಕಿ, ಅದರ ಮೈಯೆಲ್ಲ ಕುಟ್ಟಿದವರನ್ನು ಎಲ್ಲಾದರೂ ಕಂಡಿದ್ದೀರಾ? ಕಂಡಕ್ಟರ್ ರೇಗಿ, "ಏನಮ್ಮಾ, ಹತ್ತೋದಾ ಇಲ್ಲಾ ಬಸ್ಸನ್ನೇ ಕೊಂಡ್ಕೊಳ್ಳೋದಾ?" ಅಂದ.

"ಪುಕ್ಕಟೆ ಕೊಟ್ರೂ ಬೇಡಪ್ಪ. ಹಿಂದಿನ ಚಕ್ರದ ಮೇಲೆ ತಗಡು ಬಿಟ್ಕೊಂಡಿದೆ. ನಾನು ಮುಂದೆ ಕೂತ್ಕೋತೀನಿ," ಅಂತ ಹತ್ತಿಯೇ ಬಿಟ್ಟಳು. ಇದನ್ನು ಕೇಳಿಸಿಕೊಂಡ ಹಿಂದಿನ ಸೀಟಿನವರೆಲ್ಲ ಎದ್ದು ಮುಂದೆ ಬಂದರು!

ಈ ವಿದ್ಯೆ ಬಂದದ್ದು ದೊಡ್ಡಪ್ಪನ ಶೆಡ್ಡಿನಿಂದ. ಎಸ್ಟೇಟಿಗೆ ಆಳುಗಳನ್ನು ಕರೆದೊಯ್ಯುವ ಜೀಪುಗಳಿಗೆ ಬಾಡಿ ಕಟ್ಟುವ ಶೆಡ್ಡು ಅದು. ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮನೇ ಸೆರಗು ಸಿಕ್ಕಿಸಿ ಡ್ರಿಲ್ಲು ಹಿಡಿದಳು. ತಗಡಿಗೆ ರಿವೆಟ್ ಹೊಡೆಯೋದು ಅವಳಿಗೆ ಒಗ್ಗರಣೆ ಹಾಕಿದಷ್ಟೇ ಸಲೀಸು. ನನ್ನ ಅಮ್ಮ ಹೋದಾಗ ನಾನು ಎರಡನೇ ಕ್ಲಾಸು. ಅಮ್ಮನ ಅಕ್ಕನಾದ ಇವಳು ಬಂದು, ಯಾರ ಹತ್ತಿರವೂ ಕೇಳದೆ ಹೇಳದೆ, ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋದಳು. ಅಲ್ಲಿಂದ ಮುಂದೆ ನಾನು ಮಗ್ಗಿ ಕಲಿತದ್ದು, ಊಟ ಮಾಡಿದ್ದು, ನಿದ್ದೆ ಮಾಡಿದ್ದು ಎಲ್ಲ ಆ ಶೆಡ್ಡಿನ ಗದ್ದಲದಲ್ಲೇ. ಈಗಲೂ ಮನೆ ತೀರಾ ನಿಶ್ಶಬ್ದವಾಗಿದ್ದರೆ ನನಗೆ ನಿದ್ದೆ ಬರೋದಿಲ್ಲ.

ನನ್ನ ಮದುವೆಯ ಕತೆ ಹೇಳದಿದ್ದರೆ ದೊಡ್ಡಮ್ಮನ ಕತೆ ಅರ್ಧವೇ ಆದೀತು. ಗಂಡಿನ ಮನೆ ಹಾರಂಗಿ ಹಿನ್ನೀರಿನ ಪಕ್ಕ. ಹಾಸನದ ಕಡೆಯಿಂದ ಬಂದು ನೆಲೆಸಿದ ಮರ್ಯಾದಸ್ಥ ಜನ. ನಮ್ಮ ಹಿರಿಯರೆಲ್ಲ ಇಸ್ತ್ರಿ ಬಟ್ಟೆ ಹಾಕಿಕೊಂಡು ಮನೆ ನೋಡಲು ಹೋದರು. ದಾರಿಯುದ್ದಕ್ಕೂ ಎಲ್ಲರೂ ದೊಡ್ಡಮ್ಮನಿಗೆ ಬುದ್ಧಿ ಹೇಳಿದ್ದೇ ಹೇಳಿದ್ದು. ಅವಳೂ "ಆಯ್ತು, ಆಯ್ತು" ಅಂದಿದ್ದಳು. ಹೊಸಲು ದಾಟುವಾಗ ಏನಾಯಿತೋ, ಅಭ್ಯಾಸಬಲ, ಬಾಗಿಲ ಚೌಕಟ್ಟಿಗೆ ಒಂದು ಕುಟ್ಟು ಬಿದ್ದೇಬಿಟ್ಟಿತು. ಕುಟ್ಟಿದ ಬೆರಳು ಸೀದಾ ಒಳಗೆ ಹೋಯಿತು! ಹೊರಗೆ ಬಂದಾಗ ಬೆರಳ ತುದಿಯಲ್ಲಿ ಮಣ್ಣು, ಮಣ್ಣಿನಲ್ಲಿ ಬಿಳಿ ಹುಳ.

"ಗೆದ್ದಲು," ಅಂದಳು ದೊಡ್ಡಮ್ಮ, ಬೀಗರಾಗಬೇಕಾದವರ ಮೂಗಿನ ಹತ್ತಿರ ಬೆರಳು ಹಿಡಿದು.

ನಮ್ಮವರೆಲ್ಲ ಕಲ್ಲಾದರು. ಆಗ ಒಳಗಿನಿಂದ ಗಂಡು ಹೋ ಅಂತ ನಕ್ಕು, "ಅಮ್ಮಾ, ಬಾಗಿಲು ಹಾಳಾಗಿದೆ ಅಂತ ನಾನು ಹೇಳಿರಲಿಲ್ವಾ!" ಅಂದನಂತೆ. ವಾಪಸು ಬಂದ ದೊಡ್ಡಮ್ಮ ನನಗೆ ಕೊಟ್ಟ ವರದಿ ಇಷ್ಟೇ: "ಬಾಗಿಲು ಟೊಳ್ಳು, ಹುಡುಗ ಗಟ್ಟಿ. ಬಾಗಿಲು ಬದಲಾಯಿಸಬಹುದು. ಒಪ್ಕೋ."

ಒಪ್ಪಿಕೊಂಡೆ. ಬಾಗಿಲೂ ಬದಲಾಯಿತು.

ನನ್ನ ಗಂಡನಿಗೆ ಒಂದಿಷ್ಟು ಶುಂಠಿ, ಒಂದಿಷ್ಟು ಕಾಫಿ, ಜೊತೆಗೆ ಹಿನ್ನೀರಿನಲ್ಲಿ ಮೀನು ಹಿಡಿಯುವ ಲೈಸೆನ್ಸು. ಮುಚ್ಚಿಹೋದ ಒಂದು ರೆಸಾರ್ಟಿನಿಂದ ಹಳೆಯ ಅಲ್ಯೂಮಿನಿಯಂ ದೋಣಿ ಮೋಟಾರು ಸಮೇತ ಸಿಕ್ಕಿತು. ಅದು ಬಂದ ದಿನದಿಂದ ನಾನು ಎರಡನೇ ಹೆಂಡತಿಯಾದೆ ಅನ್ನಿ! ದೋಣಿಗೆ ದಿನಾ ಸ್ನಾನ, ವಾರಕ್ಕೊಮ್ಮೆ ಎಣ್ಣೆ, ಆಯುಧಪೂಜೆಗೆ ಅತ್ತೆಯವರಿಂದ ಚೆಂಡುಹೂವಿನ ಹಾರ.

ಈ ಸಿಂಗಾರಿ ಒಂದು ಮಳೆಗಾಲ ಕಳೆಯುತ್ತಿದ್ದಂತೆ ವಿಚಿತ್ರವಾಗಿ ಆಡತೊಡಗಿದಳು. ವೇಗ ಕೊಟ್ಟರೆ ಹಿಂದಿನ ಮೋಟಾರು ಹೂಂ ಹೂಂ ಅಂತ ತಲೆಯಾಡಿಸುತ್ತಿತ್ತು. ಇವರು ಸ್ಕ್ರೂ ಬಿಗಿ ಮಾಡಿದರು. ಬೋಲ್ಟುಗಳ ಸುತ್ತ ಬಿಳಿ ಬೂದಿಯಂಥದ್ದು ಕಟ್ಟಿತು, ಒರೆಸಿದರು. ಮೂಲೆಯಲ್ಲಿ ಬಣ್ಣ ಬಿರುಕು ಬಿಟ್ಟಿತು, ಪುಟ್ಟಿ ಮೆತ್ತಿ ನೀಲಿ ಬಣ್ಣ ಬಳಿದು, "ನೋಡು, ಹೊಚ್ಚ ಹೊಸ ದೋಣಿ!" ಅಂದರು. ನಾನು ನೋಡಿದೆ. ಹೊಸದಾಗಿಯೇ ಕಾಣುತ್ತಿತ್ತು. ನನಗೇನು ಗೊತ್ತು?

ಒಂದು ಭಾನುವಾರ ದೊಡ್ಡಮ್ಮ ಮೀನುಸಾರಿಗೆ ಬಂದಳು. ಇವರು ಹೆಮ್ಮೆಯಿಂದ ಕರೆದೊಯ್ದು, ದಡಕ್ಕೆ ಎಳೆದು ನಿಲ್ಲಿಸಿದ್ದ ದೋಣಿ ತೋರಿಸಿದರು. ದೊಡ್ಡಮ್ಮ ಮುಂದಿನಿಂದ ಕುಟ್ಟುತ್ತಾ ಬಂದಳು. ಠಣ್, ಠಣ್, ಠಣ್. ಹಿಂದೆ, ಮೋಟಾರು ಕಚ್ಚಿಸಿದ್ದ ಜಾಗಕ್ಕೆ ಬಂದಾಗ ದಬ್ ಅಂದಿತು. ದೊಡ್ಡಮ್ಮ ಕಣ್ಣು ಮುಚ್ಚಿದಳು.

"ಅಳಿಯಂದ್ರೇ, ಇದು ಒಳಗೆ ಕೊಳೆತು ಹೋಗಿದೆ."

"ಅಲ್ಯೂಮಿನಿಯಂ ಎಲ್ಲಾದ್ರೂ ಕೊಳೆಯುತ್ತಾ ದೊಡ್ಡಮ್ಮ?" ಅಂತ ಇವರು ನಕ್ಕರು.

"ತಗಡು ಕೊಳೆಯಲ್ಲ. ಎರಡು ತಗಡಿನ ಮಧ್ಯೆ ಹಲಗೆ ಇದೆಯಲ್ಲ, ಮೋಟಾರು ನಿಂತಿರೋದು ಅದರ ಮೇಲೆ. ಮೋಟಾರಿನ ಕೆಳಗಿನ ಕಾಲು ಹಿಡಿದು ಎತ್ತಿ ನೋಡಿ."

ಇವರು ಮೋಟಾರಿನ ಕಾಲು ಹಿಡಿದು ಮೇಲೆ ಕೆಳಗೆ ಆಡಿಸಿದರು. ದೊಡ್ಡಮ್ಮ ನನ್ನ ಅಂಗೈಯನ್ನು ಹಿಡಿದು ತಗಡಿನ ಮೇಲೆ ಇಟ್ಟಳು. ಅಯ್ಯೋ, ಅದು ಉಸಿರಾಡುತ್ತಿತ್ತು! ಮಲಗಿದ ದನದ ಹೊಟ್ಟೆಯ ಹಾಗೆ ಉಬ್ಬಿ ತಗ್ಗುತ್ತಿತ್ತು. ಆಮೇಲೆ ಒಂದು ಬೋಲ್ಟು ಬಿಚ್ಚಿಸಿ, ಕಾಫಿಮೂಟೆ ಹೊಲಿಯುವ ದಬ್ಬಳವನ್ನು ಆ ತೂತಿನಲ್ಲಿ ಚುಚ್ಚಿದಳು. ಬಿಸಿ ಇಡ್ಲಿಗೆ ಇಳಿದ ಹಾಗೆ ಬುಡದವರೆಗೂ ಇಳಿಯಿತು. ಎಳೆದಾಗ ಕಪ್ಪು ಪುಡಿ; ಅದರ ಹಿಂದೆಯೇ ತೊಟ್ಟಿಕ್ಕಿದ ಕಂದು ನೀರು. ದೊಡ್ಡಮ್ಮ ಮೂಸಿ ನೋಡಿ, "ಅಣಬೆ ಸಾರು," ಅಂದಳು.

ಹಿಂದಿನ ವಾರವಷ್ಟೇ ಇವರು ನಮ್ಮ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ನಡುನೀರಿಗೆ ಹೋಗಿ ಬಂದಿದ್ದರು. ಮಧ್ಯಾಹ್ನ ಗಾಳಿ ಎದ್ದಾಗ ಅಲ್ಲಿ ಹಿನ್ನೀರು ಹೇಗೆ ಕುದಿಯುತ್ತದೆ ಅಂತ ಬಲ್ಲವರೇ ಬಲ್ಲರು. ಮೋಟಾರು ಹಿಂಬದಿಯನ್ನು ಕಿತ್ತುಕೊಂಡು ನೀರಿಗೆ ಬಿದ್ದಿದ್ದರೆ? ಇವರು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ದೊಡ್ಡಮ್ಮ, "ಮೀನು ಆರಿಹೋಗತ್ತೆ, ನಡೀರಿ," ಅಂದಳು.

ಮರುದಿನ ಬೆಳಿಗ್ಗೆ ಜೀಪಿನಲ್ಲಿ ಶೆಡ್ಡಿನ ಅರ್ಧ ಸಾಮಾನು ಹೇರಿಕೊಂಡು ದೊಡ್ಡಮ್ಮ ಹಾಜರು. ಮೊಬೈಲಿನಲ್ಲಿ ಯಾರೋ ಪರದೇಶದವನು ಇಂಥದ್ದೇ ದೋಣಿ ಬಿಚ್ಚುವ ವಿಡಿಯೋ ನೋಡಿ ಬಂದಿದ್ದಳು. "ಮೋಟಾರು ಹೊರೋ ಈ ಹಲಗೆಗೆ ಇಂಗ್ಲಿಷಲ್ಲಿ ಟ್ರಾನ್ಸಮ್ಮು ಅಂತಾರೆ ಕಣ್ರೀ," ಅಂತ ನಮ್ಮ ಅತ್ತೆಯವರಿಗೆ ವಿವರಿಸಿದಳು.

"ಯಾರದು ಟ್ರಾನ್ಸಮ್ಮ? ನಿಮ್ಮ ಕಡೆಯವರಾ?" ಅಂದರು ಅತ್ತೆ. ಅಂದಿನಿಂದ ಆ ಹಲಗೆ ನಮ್ಮ ಮನೆಯಲ್ಲಿ ಟ್ರಾನ್ಸಮ್ಮನೇ. ಮುದುಕಿ, ಪಾಪ, ಒಳಗೊಳಗೇ ಕೊರಗಿ ಸತ್ತಿದ್ದಳು.

ಮೋಟಾರು ಇಳಿಸಿ, ರಿವೆಟ್ಟುಗಳನ್ನು ಡ್ರಿಲ್ಲಿನಿಂದ ಕೊರೆದು, ಮೇಲಿನ ಪಟ್ಟಿ ತೆಗೆದರೆ ಒಳಗೆ ಹಲಗೆಯೇ ಇಲ್ಲ! ಬೊಗಸೆ ಬೊಗಸೆ ಕಪ್ಪು ಗೊಬ್ಬರ. ಹಿಂದಿನವರು ಏಣಿಯೋ ಏನೋ ಕೂರಿಸಲು ಸಿಕ್ಕಸಿಕ್ಕಲ್ಲಿ ಸ್ಕ್ರೂ ಹೊಡೆದು, ಆ ತೂತುಗಳನ್ನು ಹಾಗೇ ಬಿಟ್ಟಿದ್ದರು. ನೀರು ಅಲ್ಲಿಂದ ಒಳಗೆ ಹೋಗಿ ಬಿಡಾರ ಹೂಡಿತ್ತು. ದೊಡ್ಡಮ್ಮ ಆ ಗೊಬ್ಬರವನ್ನು ಬಕೆಟ್ಟಿಗೆ ತುಂಬಿಸಿ ನನ್ನ ಆಂಥೂರಿಯಂ ಬುಡಕ್ಕೆ ಸುರಿದಳು. ಗಿಡ ಈಗ ಮೊಳಕಾಲುದ್ದ ಎಲೆ ಬಿಟ್ಟಿದೆ, ಬಂದು ನೋಡಿ ಬೇಕಾದರೆ.

ಅಷ್ಟರಲ್ಲಿ ಇವರು ಎಲ್ಲಿಂದಲೋ ಹಸಿರು ಛಾಯೆಯ ಹಲಗೆ ಹೊತ್ತು ತಂದರು. "ಔಷಧಿ ಕುಡಿಸಿದ ಮರ ದೊಡ್ಡಮ್ಮ, ಜನ್ಮದಲ್ಲಿ ಕೊಳೆಯಲ್ಲ!"

"ಏನು ಔಷಧಿ?"

"ತಾಮ್ರದ್ದಂತೆ."

"ಕಾಫಿಗೆ ಹೊಡೆಯೋ ಬೋರ್ಡೋ ದ್ರಾವಣ ಮಾಡೋವಾಗ ಮೈಲುತುತ್ತ ಯಾವುದರಲ್ಲಿ ಕರಗಿಸ್ತೀರಿ ಅಳಿಯಂದ್ರೇ? ಅದೂ ತಾಮ್ರದ್ದೇ ತಾನೆ?"

"ಪ್ಲಾಸ್ಟಿಕ್ ಡ್ರಮ್ಮಲ್ಲಿ."

"ಅಲ್ಯೂಮಿನಿಯಂ ಪಾತ್ರೇಲಿ ಯಾಕೆ ಕರಗಿಸಲ್ಲ?"

"ಪಾತ್ರೆ ತೂತು ಬೀಳು..." ಅನ್ನುವಷ್ಟರಲ್ಲಿ ಇವರ ಕಣ್ಣು ದೋಣಿಯ ತಗಡಿನ ಮೇಲೆ ಹೋಯಿತು. ಹಲಗೆ ಬಂದ ದಾರಿಯಲ್ಲೇ ವಾಪಸು ಹೋಯಿತು. ಅದರ ಬದಲು ಕುಶಾಲನಗರದಿಂದ ನೀರು ತಡೆಯುವ ಒಳ್ಳೆಯ ಪ್ಲೈವುಡ್ ಬಂತು.

ಹಳೆಯದರ ಅಳತೆಗೆ ರಟ್ಟು ಕತ್ತರಿಸಿ, ಅದರ ಹಾಗೆ ಎರಡು ತುಂಡು ಕೊಯ್ದು, ಗಟ್ಟಿ ಗೋಂದು ಹಚ್ಚಿ ಒಂದರ ಮೇಲೊಂದು ಕೂರಿಸಿದರು. ಒಣಗುವವರೆಗೆ ಒತ್ತಿ ಹಿಡಿಯಬೇಕಲ್ಲ? ಇದ್ದಬದ್ದ ಕ್ಲಾಂಪು ಹಾಕಿಯಾಯಿತು, ರುಬ್ಬುಗುಂಡು ಇಟ್ಟಾಯಿತು. ಆದರೂ ನಡುವೆ ಕೂದಲೆಳೆಯ ಸಂದು. ದೊಡ್ಡಮ್ಮ ಸುತ್ತ ಒಮ್ಮೆ ಕಣ್ಣಾಡಿಸಿದಳು. ದೃಷ್ಟಿ ಅತ್ತೆಯವರ ಮೇಲೆ ಬಂದು ನಿಂತಿತು.

"ಬೀಗಿತ್ತಿಯವರೇ, ಸ್ವಲ್ಪ ಇಲ್ಲಿ ಕೂತ್ಕೋತೀರಾ?"

ನಮ್ಮ ಅತ್ತೆಯವರು ಗಾತ್ರದಲ್ಲಿ ಕಡಿಮೆಯೇನಲ್ಲ. ಸಂದು ಮುಚ್ಚಿತು! ಕಾಫಿ, ಎಲೆಅಡಿಕೆ ಎಲ್ಲ ಅಲ್ಲಿಗೇ ಸರಬರಾಜಾಯಿತು. ಅತ್ತೆಯವರು ಹಲಗೆಯ ಮೇಲೆ ಕೂತೇ ಬೀನ್ಸ್ ಸೋಸಿದರು.

ಆಮೇಲೆ ದೊಡ್ಡಮ್ಮ ಹಲಗೆಯ ಅಂಚಿಗೆಲ್ಲ ಗೋಂದು ಕುಡಿಸಿದಳು. ಬೋಲ್ಟಿನ ತೂತುಗಳನ್ನು ಬೇಕೆಂದೇ ದೊಡ್ಡದಾಗಿ ಕೊರೆದು, ಗೋಂದು ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಸಣ್ಣದಾಗಿ ಕೊರೆದಳು. "ಬೋಲ್ಟಿಗೂ ಮರಕ್ಕೂ ನೇರ ಮುಖಾಮುಖಿ ಆಗಬಾರದು. ಮಧ್ಯೆ ಒಂದು ಗೋಡೆ ಇರಬೇಕು. ಅತ್ತೆ ಸೊಸೆ ಇದ್ದ ಹಾಗೆ."

"ನನಗೆ ಕೇಳಿಸ್ತು," ಅಂದರು ಅತ್ತೆ.

ಅಂತೂ ಟ್ರಾನ್ಸಮ್ಮನಿಗೆ ಮರುಜನ್ಮ ಬಂತು. ಹೊಸ ಬೋಲ್ಟು, ಹೊಸ ರಿವೆಟ್ಟು, ಮೇಲೆ ಮೋಟಾರು. ನೀರಿಗಿಳಿಸುವ ಬೆಳಿಗ್ಗೆ ನಾವೆಲ್ಲ ದಡದಲ್ಲಿ ಸೇರಿದೆವು. ಇವರು ಹತ್ತಿ ಕೂತರು. ಆಗ ದೊಡ್ಡಮ್ಮ, "ನಾನೂ ಬರ್ತೀನಿ," ಅಂದಳು.

ನಾನು ಬೆಚ್ಚಿದೆ. ನೀರು ಅಂದರೆ ದೊಡ್ಡಮ್ಮನಿಗೆ ಎಷ್ಟು ಭಯ ಅಂತೀರಿ! ಸೇತುವೆ ಬಂದರೆ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂರುವವಳು. ಕಾವೇರಿ ಸಂಕ್ರಮಣಕ್ಕೆ ಹೋದರೂ ದೂರ ನಿಂತು, ಬೇರೆಯವರ ಕೈಯಿಂದ ತಲೆಗೆ ನೀರು ಚಿಮುಕಿಸಿಕೊಂಡು ಪುಣ್ಯ ಮುಗಿಸುವವಳು.

"ನಿನಗ್ಯಾಕೆ ದೊಡ್ಡಮ್ಮ? ಅವರು ಒಂದು ಸುತ್ತು ಹೋಗಿ ಬರ್ತಾರೆ."

"ಹಲಗೆ ಸಣ್ಣಗೆ ಸದ್ದು ಮಾಡಿದ್ರೆ ಅವರಿಗೆ ಗೊತ್ತಾಗತ್ತಾ? ನನಗೆ ಗೊತ್ತಾಗತ್ತೆ. ಮುಂಚೆನೇ ಹೇಳಿದ್ರೆ ದಡಕ್ಕೆ ತಿರುಗಿಸಬಹುದು."

ತೇಲುವ ಜಾಕೆಟ್ಟು ಸೀರೆಯ ಮೇಲೆ ಮುಚ್ಚಲಿಲ್ಲ, ಹಗ್ಗದಿಂದ ಬಿಗಿದೆವು. ಮೂಟೆ ಕಟ್ಟಿದ ಹಾಗಾಯಿತು. ಗಂಟು ಹಾಕುವಾಗ ನೋಡಿದೆ, ಕಿವಿ ಬರಿದಾಗಿತ್ತು.

"ಓಲೆ ಎಲ್ಲಿ?"

"ನೀರಿಗೆ ಹೋಗೋದಲ್ವಾ, ತುಕ್ಕು ಹಿಡಿಯತ್ತೆ."

"ಚಿನ್ನಕ್ಕಾ?" ಅಂತ ನಾನೂ ಮಗಳೂ ಬಿದ್ದು ಬಿದ್ದು ನಕ್ಕೆವು.

ದೋಣಿ ಹೊರಟಿತು. ದೊಡ್ಡಮ್ಮ ಹಿಂದೆ ತಿರುಗಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಅಂಗೈಯನ್ನು ಟ್ರಾನ್ಸಮ್ಮನ ಬೆನ್ನಿಗೆ ಒತ್ತಿ ಕೂತಿದ್ದಳು. ಇವರು ವೇಗ ಕೊಟ್ಟರು. ದೋಣಿ ಮೂಗೆತ್ತಿ ನಡುನೀರಿಗೆ ಹೋಯಿತು. ನಾನು ಕೂಗಿ ಕೈಬೀಸುತ್ತಿದ್ದೆ. ಪಕ್ಕದಲ್ಲಿ ಅತ್ತೆಯವರ ಸದ್ದೇ ಇಲ್ಲ. ತಿರುಗಿ ನೋಡಿದರೆ ಅವರ ತುಟಿ ಮಣಮಣ ಅನ್ನುತ್ತಿದೆ, ಬಲಗೈ ಮುಷ್ಟಿ ಬಿಗಿದಿದೆ.

"ಏನಾಯ್ತು ಅತ್ತೆ?"

ಅವರು ಮುಷ್ಟಿ ತೆರೆದರು. ದೊಡ್ಡಮ್ಮನ ಓಲೆಗಳು.

"ಹತ್ತೋಕೆ ಮುಂಚೆ ಕೊಟ್ಟರು ಕಣವ್ವ. 'ನಾನು ಬರದೇ ಇದ್ರೆ ಮೊಮ್ಮಗಳಿಗೆ ಹಾಕಿ. ಈಗಲೇ ಇವಳಿಗೆ ಹೇಳ್ಬೇಡಿ, ಹೇಳಿದ್ರೆ ನನ್ನನ್ನ ಹತ್ತೋಕೆ ಬಿಡಲ್ಲ' ಅಂದ್ರು."

ಆ ದೋಣಿ ತಿರುಗಿ ದಡಕ್ಕೆ ಬರುವವರೆಗೆ ನಾನು ನಿಂತಲ್ಲೇ ನಿಂತಿದ್ದೆ. ಇವರು ಕೈಹಿಡಿದು ಇಳಿಸಿದರು. "ಒಂದು ಹನಿ ಒಳಗೆ ಬಂದಿಲ್ಲ!" ಅಂತ ಕುಣಿಯುತ್ತಿದ್ದರು. ದೊಡ್ಡಮ್ಮನ ಮುಖ ಬಿಳಿಚಿತ್ತು, ಆದರೂ ಗತ್ತು ಬಿಟ್ಟಿರಲಿಲ್ಲ. ನಾನು ಅವಳನ್ನು ಕಲ್ಲಿನ ಮೇಲೆ ಕೂರಿಸಿ, ಅತ್ತೆಯವರಿಂದ ಓಲೆ ಇಸಕೊಂಡು, ಅವಳ ಕಿವಿಗೆ ಹಾಕತೊಡಗಿದೆ. ತೂತು ಸಿಗುತ್ತಿರಲಿಲ್ಲ. ಕಣ್ಣು ಮಂಜಾಗಿತ್ತು.

"ಅಲ್ಲಾಡಬೇಡ ದೊಡ್ಡಮ್ಮ."

"ನಾನೆಲ್ಲಿ ಅಲ್ಲಾಡ್ತಿದ್ದೀನಿ? ನಿನ್ನ ಕೈ ನಡುಗ್ತಿರೋದು," ಅಂದಳು. "ನೀರಿಗೆ ಹೋಗಿ ಬಂದವಳು ನಾನು," ಅಂತ ಸೇರಿಸಿ, ಇನ್ನೊಂದು ಕಿವಿಯನ್ನು ನನ್ನ ಕಡೆ ತಿರುಗಿಸಿದಳು.