ಹಿಂದಕ್ಕೆ ಜಾರದ ಕಾರು

ರೇವಣಸಿದ್ದ ಹೊಸ್ತಿಲ ಮೇಲೆ ಕುಳಿತು, ಸವೆದ ಟೂತ್‌ಬ್ರಷ್ಷನ್ನು ಪೆಟ್ರೋಲಿನಲ್ಲಿ ಅದ್ದಿ ಅದ್ದಿ, ಕಾರಿನ ಪ್ಲಗ್ಗುಗಳ ಮಸಿ ತಿಕ್ಕುತ್ತಿದ್ದ. ಭಾನುವಾರವಾದ್ದರಿಂದ ಪೀಣ್ಯದ ಲೇತುಗಳೂ ಪ್ರೆಸ್ಸುಗಳೂ ಬಾಯಿ ಮುಚ್ಚಿಕೊಂಡಿದ್ದವು. ಒಂದು ಪ್ಲಗ್ಗು ಬೆಳಗಿ ಬಟ್ಟೆಯ ಮೇಲಿಡುವುದು, ಇನ್ನೊಂದನ್ನು ಎತ್ತಿಕೊಳ್ಳುವುದು. ದೇವರ ಸಾಮಾನು ತೊಳೆಯುವವನ ಭಕ್ತಿ ಅವನ ಮುಖದಲ್ಲಿತ್ತು.

ಭಕ್ತಿಗೆ ಕಾರಣವಿತ್ತು. ಅವತ್ತು ಸಂಜೆಯ ಬಸ್ಸಿಗೆ ಯಾದಗಿರಿಯಿಂದ ಹೆಂಡತಿ ರುಕ್ಮವ್ವ ಬರುವವಳಿದ್ದಳು. ಜೊತೆಗೆ ಅತ್ತೆ ಚನ್ನಕ್ಕ.

ಯುಗಾದಿಗೆ ಮುಂಚೆ ಇದೇ ಅತ್ತೆಯನ್ನು ಕೂರಿಸಿಕೊಂಡು ಜಾಲಹಳ್ಳಿ ಕ್ರಾಸಿನಿಂದ ಮನೆಯ ಏರು ಹತ್ತುವಾಗ ಕಾರು ನಡುದಾರಿಯಲ್ಲಿ ಉಸಿರು ಬಿಟ್ಟಿತ್ತು. ಬಿಟ್ಟಿದ್ದಲ್ಲದೆ, ಹ್ಯಾಂಡ್‌ಬ್ರೇಕೂ ಹಿಡಿಯದೆ ಹಿಂದಕ್ಕೆ ಜಾರಿ, ಕಬ್ಬಿನ ಹಾಲಿನ ಗಾಡಿಗೆ ಹೋಗಿ ಒರಗಿತ್ತು. ಸಿಪ್ಪೆಯ ಬುಟ್ಟಿ ಕಿಟಕಿಯಿಂದ ಒಳಬಂದು ಚನ್ನಕ್ಕನ ಮಡಿಲಲ್ಲಿ ಕೂತಿತ್ತು. ಅವಳು ಸೀರೆ ಕೊಡವಿಕೊಳ್ಳುತ್ತಲೇ ಮಗಳ ಕೈ ಹಿಡಿದು ಊರಿನ ಬಸ್ಸು ಹತ್ತಿದ್ದಳು. ಹಿರಿಯರು ನಡುವೆ ಬಿದ್ದು ಈಗ ಹೇಗೋ ಒಪ್ಪಿಸಿದ್ದರು. ಆದರೂ ಚನ್ನಕ್ಕ ಫೋನಿನಲ್ಲಿ ಆಣೆ ಹಾಕಿಯೇ ಹೊರಟಿದ್ದಳು.

"ನಿಮ್ಮ ಗಾಡಿ ಇನ್ನೊಮ್ಮಿ ಹಿಂದಕ್ಕ ಜಾರ್ತಂದ್ರ, ಮಗಳನ್ನ ಅಲ್ಲಿಂದನ ಹೊಳ್ಳಿ ಕರಕೊಂಡು ಹೋಗ್ತೀನಿ ನೋಡ್ರಿ. ಆಮ್ಯಾಲ ನೀವು ನಿಮ್ಮ ಗಾಡಿ ಕೂಡಿ ಸಂಸಾರ ಮಾಡ್ರಿ."

ಆಟೋದಲ್ಲಿ ಕರೆತಂದರೆ ಮುಗಿಯಿತಲ್ಲ ಎಂದು ಯಾರಿಗಾದರೂ ಅನ್ನಿಸೀತು. ರೇವಣಸಿದ್ದನಿಗೂ ಅನ್ನಿಸಿತ್ತು. ಆದರೆ ಆ ಬುದ್ಧಿ ತಲೆಯಲ್ಲಿ ಚಾಪೆ ಹಾಸಿಕೊಳ್ಳುವ ಮೊದಲೇ ಪಕ್ಕದ ರೂಮಿನ ಸಿದ್ದರಾಜು ಬಂದುಬಿಟ್ಟಿದ್ದ.

ಸಿದ್ದರಾಜು ಲೇತಿನ ಕೆಲಸದವನು. ಇಂಜಿನ್ ವಿದ್ಯೆಯನ್ನು ಫೋನಿನಲ್ಲಿ ನೋಡಿ ಕಲಿತಿದ್ದ.

"ಗುರು, ನಿನ್ ಇಂಜಿನ್ನಲ್ಲಿ ಏನೂ ತಪ್ಪಿಲ್ಲ. ಉಸಿರು ಸಾಲ್ತಿಲ್ಲ ಅಷ್ಟೇ. ಟರ್ಬೊ ಹಾಕ್ಬಿಡಾಣ."

"ಹಂಗಂದ್ರ?"

"ಸೈಲೆನ್ಸರ್ ಹೊಗೆ ಸುಮ್ನೆ ಹೊರಗೆ ಹೋಗ್ತೈತಲ್ಲ? ಅದರ ಕೈಲಿ ಒಂದು ಚಕ್ರ ತಿರುಗಿಸ್ಬೇಕು. ಆ ಚಕ್ರ ಇಂಜಿನ್ನಿಗೆ ಗಾಳಿ ಅದುಮತ್ತೆ. ಒಂದು ಎತ್ತು ಕಟ್ಟಿದ್ ಕಡೆ ಎರಡು ಕಟ್ಟಿದಂಗೆ."

"ಇದು ಕಾರ್ಬುರೇಟರ್ ಗಾಡೀಪಾ. ಮುದುಕಿ. ತಡಕೋತೈತೇನು?"

"ಮುದುಕೀಗೇ ಕಣೋ ಟಾನಿಕ್ ಬೇಕಾಗಿರೋದು!"

ವಾರವಿಡೀ ಪಾಳಿ ಮುಗಿಸಿ ಬಂದು ಇಬ್ಬರೂ ಟಾನಿಕ್ ಕುಡಿಸಿದರು. ಟರ್ಬೊ ಬಂದದ್ದು ಗುಜರಿ ಅಂಗಡಿಯಿಂದ, ಸತ್ತ ಡೀಸೆಲ್ ಕಾರೊಂದರ ಅಂಗದಾನವಾಗಿ. ಗಾಳಿ ಹೋಗುವ ಕೊಳವೆ, ಮನೆ ಓನರ್ ಕೃಷ್ಣಮ್ಮ ಎಸೆದಿದ್ದ ವಾಷಿಂಗ್ ಮಷೀನಿನ ಪೈಪು. ಕಾರ್ಬುರೇಟರ್ ತಲೆಗೆ ಗಾಳಿ ಸೋರದ ಟೋಪಿ ಬೇಕೆಂದು ರುಕ್ಮವ್ವನ ಬೇಳೆ ಡಬ್ಬಕ್ಕೆ ಲೇತಿನಲ್ಲಿ ತೂತು ಬಿತ್ತು. ಅದರ ಬುಡಕ್ಕೆ ಅವಳದೇ ಕುಕ್ಕರಿನ ರಬ್ಬರು ಸುತ್ತಿಕೊಂಡಿತು. ಇಷ್ಟೆಲ್ಲ ಒಳಸೇರಿದ ಮೇಲೆ ಬಾನೆಟ್ ಮುಚ್ಚಲಿಲ್ಲ. ಅದನ್ನು ಬಿಚ್ಚಿ ಗೋಡೆಗೆ ಒರಗಿಸಿದರು. ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತವರಂತೆ ಕಾರು ನಿಂತಿತು.

ಪ್ಲಗ್ಗು ಕೂರಿಸಿ ಮೊದಲ ಸಲ ಚಾಲೂ ಮಾಡಿದಾಗ ಬೆಳಗಿನ ತಿಂಡಿಯ ಹೊತ್ತು. ರೇವಣಸಿದ್ದ ಆಕ್ಸಿಲರೇಟರ್ ಒತ್ತಿದ. ಎಲ್ಲೋ 'ಸುಂಯ್' ಎಂದಿತು. ಇನ್ನಷ್ಟು ಒತ್ತಿದ. ಬೇಳೆ ಡಬ್ಬ 'ಠಪ್' ಎಂದು ಹಾರಿ ಕಾಂಪೌಂಡ್ ದಾಟಿ ಕೃಷ್ಣಮ್ಮ ಒಣಗಲು ಇಟ್ಟಿದ್ದ ಹಪ್ಪಳಗಳ ನಡುವೆ ಇಳಿಯಿತು.

"ಯಾರ್ಲಾ ಅದು, ನಮ್ ಅಪ್ಪಳದ್ ಮೇಲೆ ಡಬ್ಬ ಎಸ್ಯೋನು?" ಎನ್ನುತ್ತ ಕೃಷ್ಣಮ್ಮ ಡಬ್ಬದ ಸಮೇತ ಬಂದಳು. ಕಾರಿನ ಹೊಟ್ಟೆ ನೋಡಿ ಅವಳ ಕೋಪ ಕನಿಕರವಾಯಿತು. "ಅಯ್ಯೋ ರೇವಣ್ಣ, ಇಷ್ಟೊಂದ್ ಒಸ ಸಾಮಾನು ಆಕಿದೀಯ, ಪೂಜೆ ಮಾಡ್ಸಿದ್ಯಾ?"

"ಇಲ್ರೀ ಅಕ್ಕಾರ."

"ಅದ್ಕೇ ಡಬ್ಬ ಆರ್ತೈತೆ! ಈ ಬೀದಿ ಕಣ್ಣು ಎಂಥದು ಅಂತ ನಿಂಗೊತ್ತಿಲ್ಲ."

ಬೇಡ ಎನ್ನೋಣವೆಂದರೆ ಇರುವುದು ಅವಳ ಬಾಡಿಗೆ ಮನೆ. ಅವಳು ನಿಂಬೆಹಣ್ಣಿಗೆ ಏಳು ಮೆಣಸಿನಕಾಯಿ ಪೋಣಿಸಿ ತಂದು, ಹೊಸ ಸಾಮಾನು ಯಾವುದೆಂದು ಕೇಳಿ, ಸರಿಯಾಗಿ ಅದರ ಬಾಯಿಗೇ ಕಟ್ಟಿದಳು. ಟರ್ಬೊದ ಬಾಯಿಗೆ ಜಾಲರಿ ಹಾಕಬೇಕೆಂದು ಸಿದ್ದರಾಜು ಫೋನಿನಲ್ಲಿ ನೋಡಿದ್ದ. "ಅದು ಆಮೇಲ್ ನೋಡ್ಕೊಳಾಣ" ಎಂದು ತಾನೇ ಬಿಟ್ಟಿದ್ದ.

ಡಬ್ಬವನ್ನು ತಂತಿಯಿಂದ ಬಿಗಿದು ಮತ್ತೆ ಚಾಲೂ ಮಾಡಿದರು. ಟರ್ಬೊ ಎಚ್ಚೆತ್ತಿತು. ನಿಂಬೆಹಣ್ಣು ದಪ್ಪಗಿದ್ದದ್ದರಿಂದ ಬಾಯಿಗೆ ಅಡ್ಡ ಸಿಕ್ಕಿಕೊಂಡಿತು; ಮೆಣಸಿನಕಾಯಿಗಳು ಒಂದೊಂದಾಗಿ ಒಳಹೋದವು. ಟರ್ಬೊ ರುಬ್ಬಿತು, ಇಂಜಿನ್ ಒಗ್ಗರಣೆ ಹಾಕಿತು, ಸೈಲೆನ್ಸರ್ ಇಡೀ ಬೀದಿಗೆ ಬಡಿಸಿತು.

ಮೊದಲು ಕೃಷ್ಣಮ್ಮ ಸೀನಿದಳು. ಆಮೇಲೆ ಎದುರು ಮನೆ, ಮಹಡಿ ಮನೆ, ಇಸ್ತ್ರಿ ಅಂಗಡಿ. ಮಲಗಿದ್ದ ನಾಯಿ ಎದ್ದು ಸೀನಿ, ತನಗೇ ನಾಚಿಕೆಯಾದಂತೆ ಬೇರೆ ಬೀದಿಗೆ ಹೋಯಿತು.

"ನೋಡ್ದಾ," ಕೃಷ್ಣಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು, "ಎಷ್ಟ್ ದೃಷ್ಟಿ ಇತ್ತು!"

ಬೀಜ ಕೆರೆದು, ಹಣ್ಣು ಕಿತ್ತು, ಎಲ್ಲ ಬಿಚ್ಚಿ ಜೋಡಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ರೇವಣಸಿದ್ದನ ಕಣ್ಣಿನಿಂದ ನೀರು ಬರುತ್ತಲೇ ಇತ್ತು. ಮೆಣಸಿನಕಾಯಿಗೆ ಎಷ್ಟು, ತನ್ನ ಹಣೆಬರಹಕ್ಕೆ ಎಷ್ಟು ಎಂದು ಅವನಿಗೇ ತಿಳಿಯಲಿಲ್ಲ.

"ನಾ ಆಟೋಕ್ಕ ಹೋಗಿ ಕರಕೊಂಡು ಬರ್ತೀನಪಾ ಸಿದ್ದರಾಜು."

"ಇಷ್ಟ್ ಮಾಡಿ ಈಗ ಆಟೋನಾ? ನಿಮ್ಮತ್ತೆ ಮುಂದೆ ಮೀಸೆ ಬೋಳಿಸ್ಕೊಂಡ್ ನಿಂತ್ಕೊ ಹೋಗು! ಬಸ್ಸಿಗೆ ಇನ್ನೂ ಟೈಮೈತೆ. ಒಂದ್ಸಲ ಏರು ಹತ್ತಿಸಿ ನೋಡ್ಬಿಡಾಣ. ಒಂದೇ ಮಾತು ನೆನಪಿಟ್ಕೊ ಮಗಾ, ಸ್ಪೀಡ್ ಬಂದ್ಮೇಲೇ ಟರ್ಬೊ ಏಳೋದು. ಆಮೇಲೆ ಕಾಲು ತೆಗೀಬೇಡ. ತೆಗೆದ್ರೆ ಮಲಗತ್ತೆ. ಏರಲ್ಲಿ ಮಲಗಿದ್ರೆ ಗೊತ್ತಲ್ಲ, ಹಿಂದಕ್ಕೇ."

ಹಿಂದಕ್ಕೆ ಎಂಬ ಮಾತು ಕೇಳಿ ರೇವಣಸಿದ್ದ ಡಬ್ಬದ ತಂತಿಯನ್ನು ಇನ್ನೊಂದು ಸುತ್ತು ಬಿಗಿದ.

ಏರಿನ ರಸ್ತೆ ಒನ್ ವೇ. ಹಿಂದಿನ ಬೀದಿಯಿಂದ ಇಳಿದು, ಕೆಳಗಿನ ಗೋದಾಮಿನ ಹತ್ತಿರ ತಿರುಗಿಸಿ, ಓಟ ಕಟ್ಟಿಕೊಂಡು ಬಂದರು. ಏರು ಶುರುವಾಯಿತು. ಕಾರು ಎಂದಿನಂತೆ ಕೆಮ್ಮಿತು, ಕುಂಟಿತು, ನಡುಗಿತು. ರೇವಣಸಿದ್ದ ಕಾಲು ಒತ್ತಿದ. ಇದ್ದಕ್ಕಿದ್ದಂತೆ 'ಸುಂಯ್' ಎಂದಿತು. ಯಾರೋ ಬೆನ್ನಿಗೆ ಕೈಕೊಟ್ಟು ನೂಕಿದಂತೆ ಕಾರು ಮುಂದಕ್ಕೆ ನೆಗೆಯಿತು.

"ಎದ್ತು!" ಸಿದ್ದರಾಜು ಡ್ಯಾಶ್‌ಬೋರ್ಡ್ ಬಡಿದ.

ರೇವಣಸಿದ್ದ ನಕ್ಕ. ಆ ತಿಂಗಳಲ್ಲೇ ಮೊದಲ ಸಲ ನಕ್ಕ. ನಗುತ್ತಲೇ ಮುಂದೆ ನೋಡಿದ.

ಏರಿನ ನಡುವೆ, ರಸ್ತೆಯಂಚಿನಲ್ಲಿ ಇಬ್ಬರು ಹೆಂಗಸರು ಹತ್ತುತ್ತಿದ್ದರು. ಒಬ್ಬಳ ತಲೆಯ ಮೇಲೆ ಜೋಳದ ಚೀಲ. ಇನ್ನೊಬ್ಬಳ ಕಂಕುಳಲ್ಲಿ ರೊಟ್ಟಿ ಬುಟ್ಟಿ. ಭಾನುವಾರದ ಖಾಲಿ ತುಮಕೂರು ರಸ್ತೆಯಲ್ಲಿ ಬಸ್ಸು ಬೇಗ ಬಂದುಬಿಟ್ಟಿತ್ತು. ಶಬ್ದಕ್ಕೆ ಇಬ್ಬರೂ ತಿರುಗಿದರು. ರುಕ್ಮವ್ವ ಕಾರಿನ ಗುರುತು ಹಿಡಿದಳು. ಬುಟ್ಟಿ ಕೆಳಗಿಟ್ಟು, ಮುಖ ಅರಳಿಸಿ, ಕೈ ಎತ್ತಿದಳು.

"ನಮ್ಮಾಕಿ! ನಮ್ಮಾಕಿ ಅಲ್ಲೋ!"

"ಕಾಲು ತೆಗೀಬೇಡ!" ಸಿದ್ದರಾಜು ಕೂಗಿದ.

ನಿಲ್ಲಿಸಿದರೆ ಟರ್ಬೊ ಮಲಗುತ್ತದೆ. ಮಲಗಿದರೆ ಕಾರು ಜಾರುತ್ತದೆ, ಅದೂ ಅತ್ತೆಯ ಕಣ್ಣೆದುರೇ. ಜಾರಿದರೆ ಆಣೆ. ರೇವಣಸಿದ್ದನಿಗೆ ಹೊಳೆದದ್ದು ಒಂದೇ ದಾರಿ: ಮೇಲೆ ಹೋಗಿ, ಸುತ್ತಿ ಬಂದು, ಅವರನ್ನು ಏರಿನ ಬುಡದಲ್ಲಿ ಹತ್ತಿಸಿಕೊಳ್ಳುವುದು. ಅದನ್ನು ತಿಳಿಸಲೆಂದು ಕಿಟಕಿಯಿಂದ ಕೈ ಹೊರಹಾಕಿ ಬೀಸಿದ. ಬೀಸುತ್ತಲೇ, ಹಲ್ಲು ಕಿರಿಯುತ್ತಲೇ, ಹೆಂಡತಿಯ ಮುಂದೆ 'ಸುಂಯ್' ಎಂದು ಹಾದುಹೋದ. ಕನ್ನಡಿಯಲ್ಲಿ ಅವಳ ಎತ್ತಿದ ಕೈ ಚಿಕ್ಕದಾಗುತ್ತ ಹೋಯಿತು.

ತುದಿ ಮುಟ್ಟಿದ ಮೇಲೆ ಡಬ್ಬ ಹಾರಿತು. ಅದರ ಹಿಂದೆಯೇ ಒಳಗೇನೋ ಕಟಕಟ ಎಂದು, ಇಂಜಿನ್ ಪೂರ್ತಿ ಕಣ್ಣು ಮುಚ್ಚಿತು. ರೇವಣಸಿದ್ದ ಬಾಗಿಲು ತೆಗೆದವನೇ ಕೆಳಕ್ಕೆ ಓಡಿದ. ಏರಿನಲ್ಲಿ ಯಾರೂ ಇರಲಿಲ್ಲ. ಬುಟ್ಟಿ ಇಟ್ಟಿದ್ದ ಕಡೆ ಒಂದು ರೊಟ್ಟಿಯ ಚೂರು ಬಿದ್ದಿತ್ತು.

ಕ್ರಾಸಿನಲ್ಲಿ ಊರ ಕಡೆಯ ಬಸ್ಸು ಇಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು. ಕಿಟಕಿಯಲ್ಲಿ ಚನ್ನಕ್ಕ. ಅವಳಾಚೆಗೆ ರುಕ್ಮವ್ವ.

"ಅತ್ತಿ, ಗಾಡಿ ಜಾರಲಿಲ್ರಿ!" ಅವನು ಏದುಸಿರು ಬಿಡುತ್ತ ಕೂಗಿದ. "ಏರು ಹತ್ತೇತ್ರಿ! ನೀವಽ ನೋಡೀರಲ್ಲ!"

"ನೋಡಿದ್ನೆಪಾ," ಎಂದಳು ಚನ್ನಕ್ಕ. "ಹಲ್ಲು ಕಿಸಿದು ಕೈ ಬೀಸಿದ್ದೂ ನೋಡಿದ್ನಿ. ಬಸ್ಸಿನಾಗ ಇಕಿ ದಾರಿ ಉದ್ದಕ್ಕೂ ನನ್ನ ಕಾಲು ಹಿಡಿದು ಆಣಿ ಬಿಡಿಸಿದ್ಲು. ಗಾಡಿ ಜಾರಲಿ ಬಿಡಲಿ, ನಾ ಅವರ ಜೋಡೀನ ಇರಾಕಿ ಅಂತ. ನಾನೂ ಹೂಂ ಅಂದಿದ್ದೆ."

ರುಕ್ಮವ್ವ ಅವನ ಕಡೆ ನೋಡಲಿಲ್ಲ. ಮುಂದಿನ ಸೀಟಿನ ಬೆನ್ನಿಗೆ ಹೇಳುವಂತೆ ಹೇಳಿದಳು.

"ನಿಂತಿದ್ರ ನಾ ತಳ್ಳತಿದ್ದೆ."

ಅವಳು ತಾಯಿಯನ್ನು ದಾಟಿ ಕೈಚಾಚಿ ಗಾಜು ಎಳೆದಳು. ಕಂಡಕ್ಟರ್ ಸೀಟಿ ಊದಿದ. ರೇವಣಸಿದ್ದ ಮಸಿ ಹತ್ತಿದ ಅಂಗೈಯನ್ನು ಗಾಜಿನ ಮೇಲಿಟ್ಟ.

"ರುಕ್ಮವ್ವಾ, ಇಳಿದು ಬಾ."