ಲ್ಯಾಪ್‌ಟಾಪೋ, ಡೆಸ್ಕ್‌ಟಾಪೋ, ನನ್ನ ಕಿಟಕಿಯೋ

ಸುಮ್ಮನೆ ಕೂಡುವುದು ಒಂದು ಕೆಲಸ ಎಂದರೆ ಯಾರೂ ಒಪ್ಪುವುದಿಲ್ಲ. ಒಪ್ಪದಿದ್ದರೆ ಬಿಡಲಿ, ಕೂತು ನೋಡಿದವರಿಗೇ ಅದರ ಕಷ್ಟ ಗೊತ್ತು. ಮೊದಲಿಗೆ ಅದಕ್ಕೊಂದು ಜಾಗ ಬೇಕು. ಎಲ್ಲೆಂದರಲ್ಲಿ ಸುಮ್ಮನೆ ಕೂಡಲು ಬರುವುದಿಲ್ಲ. ಅಡುಗೆಮನೆಯಲ್ಲಿ ಕೂತರೆ ಎರಡು ನಿಮಿಷದಲ್ಲಿ ಕೈಗೆ ಬೆಳ್ಳುಳ್ಳಿ ಬಂದಿರುತ್ತದೆ. ಪಡಸಾಲೆಯಲ್ಲಿ ಕೂತರೆ ಬಾಗಿಲು ಬಡಿದವರಿಗೆಲ್ಲ ಎದ್ದುಹೋಗಿ ಉತ್ತರ ಹೇಳಬೇಕು. ಮಾಳಿಗೆಯ ಮೇಲೆ ಕೂತರೆ ಒಣಗಲು ಹಾಕಿದ ಹಪ್ಪಳಕ್ಕೆ ಕಾವಲುಗಾರ ಸಿಕ್ಕನೆಂದು ಎಲ್ಲರಿಗೂ ಸಂತೋಷ. ಧಾರವಾಡದ ಕೆಲಗೇರಿ ಕಡೆಗಿರುವ ನಮ್ಮ ಪುಟ್ಟ ಮನೆಯಲ್ಲಿ ಈ ಕೆಲಸಕ್ಕೆ ಯೋಗ್ಯವಾದ ಜಾಗ ಒಂದೇ ಒಂದು. ಅದು ಪಡಸಾಲೆಯ ಪಕ್ಕದ ಖೋಲಿಯ ಪಡುವಣ ಕಿಟಕಿ. ಅದರ ಮುಂದೆ ನನ್ನದೊಂದು ಬೆತ್ತದ ಕುರ್ಚಿ.

ಆ ಕಿಟಕಿಯಿಂದ ಕೆರೆ ಕಾಣುತ್ತದೆ. ಪೂರ್ತಿ ಕೆರೆ ಎಂದು ಬಂಧುಗಳಿಗೆ ಹೇಳಿಕೊಂಡಿದ್ದೇನೆ, ನಿಮ್ಮ ಮುಂದೆ ಸುಳ್ಳೇಕೆ? ಎದುರಿನ ಎರಡು ಮನೆಗಳ ಗೋಡೆಗಳ ನಡುವೆ ಸೀರೆಯ ಸೆರಗಿನಷ್ಟು ಅಗಲದ ನೀರು ಕಾಣುತ್ತದೆ, ಅಷ್ಟೇ. ಆದರೆ ಅಷ್ಟು ನೀರು ನನಗೆ ಧಾರಾಳವಾಗಿ ಸಾಕು. ಲಕಮನಹಳ್ಳಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ದಿನವಿಡೀ ನಟ್ಟು, ಬೋಲ್ಟು, ವಾಷರುಗಳ ಲೆಕ್ಕ ಬರೆದು ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಚಹಾದ ಕಪ್ಪು ಹಿಡಿದು ಆ ಕುರ್ಚಿಯಲ್ಲಿ ಕೂತೆನೆಂದರೆ ಆ ನೀರಿನ ಮೇಲೆ ಬಿಸಿಲು ಮೆಲ್ಲಗೆ ಬಣ್ಣ ಬದಲಿಸತೊಡಗುತ್ತದೆ. ಮೊದಲು ಹಳದಿ, ಆಮೇಲೆ ಕುಂಕುಮ, ಕೊನೆಗೆ ಹೆಸರಿಡಲು ಬಾರದ ಒಂದು ಬಣ್ಣ. ಬೆಳ್ಳಕ್ಕಿಯೊಂದು ಈ ಗೋಡೆಯಿಂದ ಹೊರಟು ಆ ಗೋಡೆಯಲ್ಲಿ ಮಾಯವಾಗುತ್ತದೆ. ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಅದಕ್ಕೂ ನನ್ನಂತೆ ಸ್ಟೋರ್ ಕೀಪರ್ ಕೆಲಸವಿದೆಯೇ ಎಂದೆಲ್ಲ ಯೋಚಿಸುತ್ತ ನಾನು ಎಲ್ಲಿಗೋ ಹೋಗಿಬಿಡುತ್ತೇನೆ. ದೇವರ ಮುಂದೆ ದೀಪ ಹಚ್ಚಿದ ಮೇಲೆ ಹೆಂಡತಿ ಗಿರಿಜಾ ಕೂಗಿದಾಗಲೇ ವಾಪಸು ಬರುವುದು. ಆ ಒಂದು ತಾಸಿನ ಬಲದಿಂದಲೇ ಮರುದಿನ ಮತ್ತೆ ವಾಷರುಗಳನ್ನು ಎದುರಿಸುತ್ತೇನೆ. ಅದೊಂದು ಹೋದರೆ ನನಗೆ ನನ್ನದು ಅಂತ ಏನೂ ಉಳಿಯುವುದಿಲ್ಲ.

ಇಂಥ ಸಂಸಾರದಲ್ಲಿ ಕಂಪ್ಯೂಟರಿನ ಮಾತು ಬಂತು. ಬಂದದ್ದು ಕಸೂತಿಯಿಂದ. ಗಿರಿಜಾ ಕಸೂತಿಯಲ್ಲಿ ಪಳಗಿದವಳು. ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಹಾಕುವ ಕೆಲಸ ಅದು. ಗಂಟು ಹಾಕುವಂತಿಲ್ಲ, ಬಟ್ಟೆಯ ಮೇಲ್ಮಗ್ಗುಲು ಹೇಗೋ ಕೆಳಮಗ್ಗುಲೂ ಹಾಗೆಯೇ ಕಾಣಬೇಕು. ಒಂದು ಎಳೆ ತಪ್ಪಿದರೆ ನವಿಲಿನ ಕತ್ತು ಒಂಟೆಯದಾಗುತ್ತದೆ. ಮೊದಲೆಲ್ಲ ಓಣಿಯ ಹೆಣ್ಣುಮಕ್ಕಳು ಮನೆಗೇ ಬಂದು ಕಲಿಯುತ್ತಿದ್ದರು. ಅವರಲ್ಲಿ ಕೆಲವರು ಮದುವೆಯಾಗಿ ಸಾಂಗಲಿ, ಸೊಲ್ಲಾಪುರ, ಪುಣೆ ಎಂದು ಹೋದರು. ಹೋದವರು ಅಲ್ಲಿಯ ಗೆಳತಿಯರಿಗೆ ತೋರಿಸಿದರು. ಆ ಗೆಳತಿಯರಿಗೂ ಕಲಿಯುವ ಆಸೆ ಹುಟ್ಟಿ, ಮೊಬೈಲಿನಲ್ಲಿ ಪಾಠ ಶುರುವಾಯಿತು. ಅಂಗೈಯಗಲದ ಪರದೆಯಲ್ಲಿ ಹತ್ತು ಮುಖಗಳು, ಹತ್ತು ನವಿಲುಗಳು.

"ಇನ್ನ ಮೊಬೈಲ್‌ದಾಗ ಆಗಂಗಿಲ್ರಿ" ಎಂದಳು ಗಿರಿಜಾ ಒಂದು ದಿನ. "ಆಕಿ ಎಲ್ಲಿ ಸೂಜಿ ಹಾಕ್ಯಾಳ, ಈಕಿ ಎಲ್ಲಿ ತಪ್ಯಾಳ ಒಂದೂ ಕಾಣಂಗಿಲ್ಲ. ಒಂದು ಕಂಪ್ಯೂಟರ್ ತರೂಣು."

"ತರೂಣಲ್ಲ, ಅದಕ್ಕೇನು" ಎಂದೆ ನಾನು ಧಾರಾಳವಾಗಿ, ಬೆಳ್ಳಕ್ಕಿಯ ಮೇಲೆ ಕಣ್ಣಿಟ್ಟುಕೊಂಡೇ.

"ಡೆಸ್ಕ್‌ಟಾಪ್ ಛಲೋರಿ. ದೊಡ್ಡ ಪರದಿ ಇರ್ತದ, ಎಳಿ ಎಣಸಾಕ ಬರ್ತದ. ಕೆಟ್ರ ಕೆಟ್ಟದ್ದಷ್ಟ ಬದ್ಲಿ ಮಾಡ್ಬೌದಂತ. ಕುತ್ತಿಗಿನೂ ನೋಯಂಗಿಲ್ಲಂತ. ಒಂದು ಛಲೋ ಟೇಬಲ್ ಮಾಡ್ಸಿ, ಒಂದು ಕಡೆ ಕಾಯಂ ಇಟ್‌ಬಿಡೂಣು."

ಕಾಯಂ ಎಂಬ ಮಾತು ಕೇಳಿ ಬೆಳ್ಳಕ್ಕಿಯ ಮೇಲಿಂದ ಕಣ್ಣು ತೆಗೆದೆ. ಕಾಯಂ ಎಂದರೆ ಎಲ್ಲಿ? ಪಡಸಾಲೆಯಲ್ಲಿ ದಿವಾನ ಇದೆ. ಮಲಗುವ ಖೋಲಿಯಲ್ಲಿ ಟ್ರೆಜರಿ ಎನ್ನುವ ಎರಡು ಕಬ್ಬಿಣದ ಕಪಾಟು ಮತ್ತು ನಾವು. ಟೇಬಲ್ಲು ಹಿಡಿಸುವಷ್ಟು ಜಾಗ, ಪಕ್ಕದಲ್ಲೇ ಪ್ಲಗ್ಗು, ಮೇಲೆ ಫ್ಯಾನು ಎಲ್ಲ ಇರುವುದು ಕಿಟಕಿಯ ಮುಂದೆ ಮಾತ್ರ. ನನ್ನ ಮನಸ್ಸಿನ ಕಣ್ಣಿಗೆ ಎಲ್ಲವೂ ಕಂಡುಬಿಟ್ಟಿತು. ಬೆತ್ತದ ಕುರ್ಚಿ ಮಾಳಿಗೆಯ ಮೆಟ್ಟಿಲ ಕೆಳಗೆ. ಕೆರೆಗೆ ಅಡ್ಡಲಾಗಿ ಒಂದು ಕರಿಯ ಪರದೆ. ಅದರ ಮುಂದೆ ಎಳೆ ಎಣಿಸುವ ಗಿರಿಜಾ. ನಾನು ಪಡಸಾಲೆಯಲ್ಲಿ ಬಾಗಿಲು ಕಾಯುತ್ತ. ಹೇಳಲು ನಾಚಿಕೆಯಾಗುತ್ತದೆ, ಆ ಸಂಜೆ ಚಹಾ ಕೂಡ ರುಚಿಸಲಿಲ್ಲ.

ನೇರವಾಗಿ ಕೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕೇಳಬಹುದಿತ್ತು. ಆದರೆ 'ನಾನು ಸುಮ್ಮನೆ ಕೂಡುವ ಜಾಗ ನನಗೆ ಬೇಕು' ಎಂದು ದುಡಿಯುವ ಹೆಂಡತಿಯ ಮುಂದೆ ಯಾವ ಬಾಯಿಂದ ಹೇಳುವುದು? ಹಾಗಾಗಿ ಲೋಕಹಿತದ ದಾರಿ ಹಿಡಿದೆ. ಮರುದಿನದಿಂದ ನಾನು ಲ್ಯಾಪ್‌ಟಾಪಿನ ವಕೀಲನಾದೆ. ಕಾರ್ಖಾನೆಯಲ್ಲಿ ನನ್ನ ಮುಂದಿರುವುದು ಡೆಸ್ಕ್‌ಟಾಪೇ. ಪಾಪ, ಅದು ನನಗೆ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ. ಆದರೂ ಅದರ ಮೇಲೆ ಇಲ್ಲದ ದೂರುಗಳನ್ನೆಲ್ಲ ಹೊರಿಸಿದೆ. ಧೂಳು ತಿನ್ನುತ್ತದೆ ಎಂದೆ. ವೈರುಗಳಲ್ಲಿ ಹಲ್ಲಿ ಸಂಸಾರ ಹೂಡುತ್ತದೆ ಎಂದೆ. ಕರೆಂಟು ಹೋದರೆ ಅದೂ ಹೋಗುತ್ತದೆ, ಲ್ಯಾಪ್‌ಟಾಪಾದರೆ ಹೆಂಗಸರ ಪಾಠ ನಡುವೆ ನಿಲ್ಲುವುದಿಲ್ಲ ಎಂದೆ. ಕೊನೆಗೆ ನನ್ನ ದೊಡ್ಡ ಅಸ್ತ್ರ ಬಿಟ್ಟೆ.

"ನೋಡು, ಲ್ಯಾಪ್‌ಟಾಪ್ ಅಂದ್ರ ನಿನಗ ಸ್ವಾತಂತ್ರ್ಯ. ಎಲ್ಲಿ ಬೇಕಾದಲ್ಲಿ ಕೂಡಬೌದು. ಅಡಗಿ ಮನ್ಯಾಗ ಕುಂತು ಪಾಠ ಮಾಡು, ಮಾಳಗಿ ಮ್ಯಾಲೆ ಕುಂತು ಮಾಡು. ಗರಗದಾಗಿನ ನಿಮ್ಮ ಅಕ್ಕನ ಮನಿಗೆ ಹೋದ್ರ ಅಲ್ಲೂ ಒಯ್ಯಿ. ಒಂದು ಮೂಲ್ಯಾಗ ಯಾಕ ಕಟ್ಟಿಹಾಕ್ಕೊಂಡು ಕೂಡ್ತಿ?"

ಗಿರಿಜಾ ಸೂಜಿ ನಿಲ್ಲಿಸಿ ನನ್ನನ್ನೇ ನೋಡಿದಳು. ನನ್ನ ಬಾಯಲ್ಲಿ ಸ್ವಾತಂತ್ರ್ಯದ ಮಾತು ಕೇಳಿ ಆಕೆಗೆ ಅಭ್ಯಾಸವಿಲ್ಲ.

"ನೋಡೂಣ್ರಿ. ಅಂಗಡಿಗೆ ಹೋಗಿ ಕೈಯಾರೆ ಮುಟ್ಟಿ ನೋಡೂಣು" ಎಂದಳು.

ಅಂಗಡಿಗೆ ಹೋದದ್ದು ರವಿವಾರ ಮಧ್ಯಾಹ್ನ. ಇಲ್ಲಿ ಒಂದು ತಪ್ಪಾಯಿತು. ಧಾರವಾಡದಲ್ಲಿ ಮಧ್ಯಾಹ್ನ ಅಂಗಡಿಗೆ ಹೋಗಬಾರದು. ಹುಬ್ಬಳ್ಳಿಯವರು ಇದನ್ನು ಹೇಳಿ ಹೇಳಿ ನಗುತ್ತಾರೆ. ಅವರ ಊರಿನಲ್ಲಿ ಗಿರಾಕಿ ಬಂದರೆ ಮಲಗಿದವನೂ ತಕ್ಕಡಿ ಹಿಡಿದು ಏಳುತ್ತಾನಂತೆ. ನಮ್ಮಲ್ಲಿ ಊಟವಾಯಿತೆಂದರೆ ಶಟರ್ ಅರ್ಧಕ್ಕೆ ಇಳಿಯುತ್ತದೆ. ಆ ಅರ್ಧ ಶಟರಿನ ಕೆಳಗಿನಿಂದ ತಣ್ಣನೆಯ ನಿದ್ದೆ ಓಣಿಗೆಲ್ಲ ಹರಿದುಬರುತ್ತದೆ. ನಾವು ಅಂಗಡಿಯ ಕಟ್ಟೆಯ ಮೇಲೆ, ಬೇವಿನ ನೆರಳಿನಲ್ಲಿ ಕೂತೆವು. ಎಲೆಗಳ ಸಂದಿನಿಂದ ಬಿಸಿಲು ಗಿರಿಜಾಳ ಸೆರಗಿನ ಮೇಲೆ ಚುಕ್ಕೆಚುಕ್ಕೆಯಾಗಿ ಬಿದ್ದಿತ್ತು. ಆಕೆ ಆ ಚುಕ್ಕೆಗಳನ್ನು ಎಣಿಸುತ್ತಿರಬಹುದು ಎಂದು ನನಗನಿಸಿತು. ನಾನಂತೂ ಏನನ್ನೂ ಎಣಿಸುತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ನಾವಿಬ್ಬರೂ ಹೀಗೆ ಏನೂ ಮಾಡದೆ ಒಂದೇ ಕಟ್ಟೆಯ ಮೇಲೆ ಕೂತದ್ದು ನನಗೆ ಬಹಳ ಹಿತವೆನಿಸಿತು. ಶಟರು ಮೇಲೇಳದಿದ್ದರೂ ನಡೆಯುತ್ತಿತ್ತು.

ಶಟರು ಮೇಲೆದ್ದಿತು. ಅಂಗಡಿಯ ದಾದಾಪೀರ್ ಭಾಯಿ ಕಣ್ಣುಜ್ಜುತ್ತ ಹೊರಬಂದ. "ಬರ್ರಿ ಸರ, ಬರ್ರಿ ಅಕ್ಕಾರ. ನನ್ನ ಕರೀಬಾರ್ದೇನ್ರಿ?" ಎಂದ. ದಾದಾಪೀರ್ ಭಾಯಿ ಬಂಗಾರದಂಥ ಮನುಷ್ಯ, ಆದರೆ ಒಂದು ಗುಣ ಇದೆ. ಕೊನೆಗೆ ಮಾತಾಡಿದವರ ಮಾತು ಅವನಿಗೆ ಸರಿ ಎನಿಸುತ್ತದೆ.

"ದೊಡ್ಡ ಪರದಿ ಬೇಕ್ರಿ ನನಗ. ಡೆಸ್ಕ್‌ಟಾಪ್" ಎಂದಳು ಗಿರಿಜಾ.

"ಖರೇ ಮಾತ್ರಿ ಅಕ್ಕಾರ. ಮನಿಗೆ ಡೆಸ್ಕ್‌ಟಾಪ್ ಬಿಟ್ರ ಇಲ್ಲ."

"ಆದ್ರ ಒಂದೇ ಕಡೆ ಕೂಡಬೇಕಾಗ್ತದಲ್ಲಪಾ" ಎಂದೆ ನಾನು.

"ಅದೂ ಖರೇನ ಸರ. ಈಗೆಲ್ಲಾರೂ ಲ್ಯಾಪ್‌ಟಾಪ್ ಒಯ್ಯಾಕತ್ತಾರ."

"ಸಣ್ಣ ಪರದ್ಯಾಗ ಕಣ್ಣು ಹೋಗ್ತಾವಲ್ರಿ?"

"ಹೋಗ್ತಾವ್ರಿ ಅಕ್ಕಾರ, ಹೋಗದೇನು!"

ಹೀಗೆ ಸುಮಾರು ಹೊತ್ತು ನಡೆಯಿತು. ಯಾರು ಕೊನೆಗೆ ಮಾತಾಡುತ್ತಾರೋ ಅವರದೇ ಗೆಲುವು ಎಂದು ನನಗೆ ತಿಳಿದಿತ್ತು. ದೇವರು ದೊಡ್ಡವನು, ಅಷ್ಟರಲ್ಲಿ ಸೊಲ್ಲಾಪುರದಿಂದ ಗಿರಿಜಾಗೆ ಫೋನು ಬಂತು. ಯಾರದೋ ನವಿಲಿಗೆ ಕಾಲು ಒಂದು ಹೆಚ್ಚಾಗಿತ್ತು. ಆಕೆ ಅದನ್ನು ಬಿಚ್ಚಿಸಲು ಬಾಗಿಲ ಕಡೆಗೆ ಹೋದಳು. ಆಕೆ ತಿರುಗಿ ಬರುವುದರೊಳಗೆ ನಾನು ದಾದಾಪೀರ್ ಭಾಯಿಯನ್ನು ಪೂರ್ತಿ ಲ್ಯಾಪ್‌ಟಾಪ್ ಪಂಗಡಕ್ಕೆ ಸೇರಿಸಿದ್ದೆ. ಇದ್ದುದರಲ್ಲಿ ದೊಡ್ಡ ಪರದೆಯದೊಂದನ್ನು ತೆಗೆದು ಅವನು ಗಿರಿಜಾಳ ಕೈಗೇ ಕೊಟ್ಟ.

"ಅಯ್ಯ, ಎಷ್ಟು ಹಗರ ಅದಲ್ರಿ!" ಎಂದಳು. ಕೂಸನ್ನು ಎತ್ತಿಕೊಂಡಂತೆ ಅದನ್ನು ಎತ್ತಿಕೊಂಡು ಅಂಗಡಿಯೊಳಗೆ ಒಂದು ಸುತ್ತು ಹಾಕಿದಳು. ಆಮೇಲೆ ಬಾಗಿಲ ಬೆಳಕಿಗೆ ಒಯ್ದು, ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದಳು. ಮುಖ ಅರಳಿತ್ತು. ಆಕೆ ಬೆಳಕನ್ನೇ ಯಾಕೆ ಹುಡುಕುತ್ತಿದ್ದಾಳೆ ಎಂದು ಬುದ್ಧಿ ಇದ್ದವನಾದರೆ ಅಲ್ಲೇ ಯೋಚಿಸುತ್ತಿದ್ದ. ನಾನು ಯೋಚಿಸಲಿಲ್ಲ. ಗೆದ್ದ ಖುಷಿಯಲ್ಲಿ ದಾದಾಪೀರ್ ಭಾಯಿಗೂ ಚಹಾ ಹೇಳಿದೆ.

ಲ್ಯಾಪ್‌ಟಾಪು ಮನೆಗೆ ಬಂತು. ಗಿರಿಜಾ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದಳು. ನಾನು ನನ್ನ ಕುರ್ಚಿಯಲ್ಲಿ ಹಾಯಾಗಿ ಕೂತು, ಕೆರೆಯನ್ನು ಹೊಸದಾಗಿ ಸಂಪಾದಿಸಿದವನಂತೆ ನೋಡಿದೆ. ಅಂದಿನ ಸಂಜೆಯಷ್ಟು ಚಂದದ ಸಂಜೆ ಆ ನೀರಿನ ಮೇಲೆ ಹಿಂದೆ ಬಂದಿರಲಿಲ್ಲ.

ಮರುದಿನ ಕಾರ್ಖಾನೆಯಿಂದ ಬಂದು, ಕೈಕಾಲು ತೊಳೆದು, ಚಹಾ ಹಿಡಿದು ಖೋಲಿಗೆ ಹೋದರೆ ಬೆತ್ತದ ಕುರ್ಚಿಯಲ್ಲಿ ಗಿರಿಜಾ ಕೂತಿದ್ದಾಳೆ! ಮುಂದೆ ಸ್ಟೂಲಿನ ಮೇಲೆ ಕಿಟಕಿಗೆ ಬೆನ್ನು ಮಾಡಿ ಲ್ಯಾಪ್‌ಟಾಪು. ತೊಡೆಯ ಮೇಲೆ ಬಟ್ಟೆ. ಪಡುವಣ ಬಿಸಿಲು ಆಕೆಯ ಸೂಜಿಯ ಮೇಲೆ ಹೊಳೆಯುತ್ತಿತ್ತು. ಪರದೆಯಲ್ಲಿ ಹತ್ತು ಹೆಂಗಸರು ಒಟ್ಟಿಗೆ "ನಮಸ್ಕಾರ್ರಿ ಸರ" ಎಂದರು. ನಾನೂ ಚಹಾದ ಕಪ್ಪಿನೊಂದಿಗೇ ಕೈಮುಗಿದೆ.

ಪಾಠ ಮುಗಿದ ಮೇಲೆ ತಡೆಯಲಾರದೆ ಕೇಳಿದೆ. "ಅಲ್ಲಾ, ಇಲ್ಲೇ ಯಾಕ ಕುಂತಿ? ಎಲ್ಲಿ ಬೇಕಾದಲ್ಲಿ ಕೂಡಬೌದಲ್ಲ?"

"ಅದಕ್ಕ ಇಲ್ಲಿ ಕುಂತೇನ್ರಿ" ಎಂದಳು ಸಮಾಧಾನದಿಂದ. "ಕಸೂತಿಗೆ ಈ ಬೆಳಕ ಬೇಕು. ಲೈಟ್ ಹಚ್ಚಿದ್ರ ಎಳಿ ಕಾಣಂಗಿಲ್ಲ. ಡೆಸ್ಕ್‌ಟಾಪ್ ತಂದಿದ್ರ ಒಂದು ಟ್ರೆಜರಿ ತಗದು ಮಲಗೂ ಖೋಲ್ಯಾಗ ಇಡಾಕಿದ್ದೆ. ಅಷ್ಟ ದೊಡ್ಡದನ್ನ ಕಿಟಕಿ ಮುಂದ ಇಡಾಕ ಬರ್ತದೇನು, ಬೆಳಕ ಮುಚ್ಚಿಬಿಡ್ತದ. ನಿಮ್ಮ ಪುಣ್ಯ, ಲ್ಯಾಪ್‌ಟಾಪ್ ತಂದ್ರಿ."

ಮಲಗುವ ಖೋಲಿ! ಆಕೆಯ ಮನಸ್ಸಿನಲ್ಲಿ ಡೆಸ್ಕ್‌ಟಾಪು ನನ್ನ ಕಿಟಕಿಯ ಹತ್ತಿರವೂ ಸುಳಿದಿರಲಿಲ್ಲ. ಕಂಪ್ಯೂಟರನ್ನು ಈ ಕಿಟಕಿಯವರೆಗೆ ಕೈಹಿಡಿದು ನಡೆಸಿಕೊಂಡು ಬಂದವನು ನಾನೇ. ಸಾಂಗಲಿ, ಪುಣೆಯ ಹೆಂಗಸರಿಗೆ ಬಿಡುವು ಸಿಗುವುದೂ ಸಂಜೆಯೇ. ನನಗೆ ಬಿಡುವು ಸಿಗುವುದೂ ಸಂಜೆಯೇ. ಸೂರ್ಯನಿಗಾದರೂ ಈ ಕಿಟಕಿಗೆ ಬರಲು ಬಿಡುವಾಗುವುದು ಸಂಜೆಯೇ.

ಕೆಲವು ದಿನ ಪಡಸಾಲೆಯಲ್ಲಿ ಬಾಗಿಲು ಕಾದೆ. ಹಾಲಿನವರು, ಪೇಪರಿನವರು, ಚಂದಾದವರು ಎಲ್ಲರ ಪರಿಚಯವಾಯಿತು. ಆಮೇಲೆ ಒಂದು ಸಂಜೆ ಧೈರ್ಯ ಮಾಡಿ ಖೋಲಿಗೆ ಹೋದೆ. ಆವತ್ತು ಪಾಠ ಬೇಗ ಮುಗಿದಿತ್ತು. ಲ್ಯಾಪ್‌ಟಾಪಿನ ಪರದೆ ತಾನಾಗಿಯೇ ಕಪ್ಪಾಗಿತ್ತು. ಬಟ್ಟೆ ತೊಡೆಯ ಮೇಲಿತ್ತು, ಸೂಜಿ ಬಟ್ಟೆಯಲ್ಲಿ ನಿಂತಿತ್ತು. ಗಿರಿಜಾ ಕೆರೆ ನೋಡುತ್ತಿದ್ದಳು. ನಾನು ಬಂದದ್ದು ಆಕೆಗೆ ತಿಳಿಯಲಿಲ್ಲ. ಆಕೆಯ ಮುಖದ ಮೇಲೆ ಆ ಹೆಸರಿಲ್ಲದ ಬಣ್ಣ ಬಿದ್ದಿತ್ತು. ಮದುವೆಯಾದ ಮೇಲೆ ಆಕೆ ಕೆಲಸವಿಲ್ಲದೆ ಇಷ್ಟು ಹೊತ್ತು ಕೂತದ್ದನ್ನು, ಅಂಗಡಿಯ ಕಟ್ಟೆಯ ಮೇಲೆ ಬಿಟ್ಟರೆ, ನಾನು ನೋಡಿರಲಿಲ್ಲ. ನೋಡಿ ಬಹಳ ಚಂದ ಎನಿಸಿತು. ಹೊಟ್ಟೆಕಿಚ್ಚೂ ಆಯಿತು.

"ಗಿರಿಜಾ" ಎಂದೆ ಕೊನೆಗೆ, ಆದಷ್ಟು ಅಕ್ಕರೆಯಿಂದ. "ಸಣ್ಣ ಪರದ್ಯಾಗ ನಿನ್ನ ಕಣ್ಣು ಹೋಗ್ತಾವ ಅಂತ ನನಗ ಚಿಂತಿ ಆಗೇತಿ. ಕುತ್ತಿಗಿನೂ ನೋಯ್ತಿರಬೇಕು. ಮುಂದಿನ ತಿಂಗಳ ಒಂದು ಡೆಸ್ಕ್‌ಟಾಪ್ ತಂದು, ಮಲಗೂ ಖೋಲ್ಯಾಗ ಕಾಯಂ ಇಟ್‌ಬಿಡೂಣು."

ಆಕೆ ನಿಧಾನವಾಗಿ, ದೂರದ ಊರಿನಿಂದ ಬಂದವಳಂತೆ, ನನ್ನ ಕಡೆ ತಿರುಗಿದಳು.

"ಬ್ಯಾಡ್ರಿ. ಆವತ್ತು ನೀವು ಹೇಳಿದ್ದ ಖರೇ. ಒಂದು ಮೂಲ್ಯಾಗ ಯಾಕ ಕಟ್ಟಿಹಾಕ್ಕೊಂಡು ಕೂಡಬೇಕು? ನೀವೂ ಈ ಕುರ್ಚಿ ಒಂದನ್ನ ಹಿಡ್ಕೊಂಡು ಎಷ್ಟು ವರ್ಷ ಕುಂತ್ರಿ. ಎಲ್ಲಿ ಬೇಕಾದಲ್ಲಿ ಕೂಡ್ರಿ."

ಮದುವೆಯಾದಾಗಿನಿಂದ ನನ್ನ ವಾದವೊಂದನ್ನು ಗಿರಿಜಾ ಪೂರ್ತಿಯಾಗಿ ಒಪ್ಪಿದ್ದು ಇದೇ ಮೊದಲು. ಪಡಸಾಲೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಆಕೆಯ ಹಿಂದೆ ಹಾಕಿಕೊಂಡೆ. ಈಗ ದಿನಾಲೂ ಅಲ್ಲಿಯೇ ಕೂಡುತ್ತೇನೆ. ಆಕೆಯ ಭುಜ ಮತ್ತು ಕಿಟಕಿಯ ಚೌಕಟ್ಟಿನ ನಡುವೆ ಕೆರೆ ಬೆರಳಗಲದಷ್ಟು ಕಾಣುತ್ತದೆ. ಸೂಜಿಯ ದಾರ ಮುಗಿದು, ಹೊಸದನ್ನು ಪೋಣಿಸಲು ಆಕೆ ಬಗ್ಗಿದಾಗ ಮಾತ್ರ ಮೊದಲಿನಷ್ಟು ಅಗಲ ಕಾಣುತ್ತದೆ. ಹಾಗಾಗಿ ಪೇಟೆಯಿಂದ ದಾರ ತರುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ. ಆಕೆ ಬೇಡ ಬೇಡ ಎಂದರೂ ಕೇಳದೆ, ಇದ್ದುದರಲ್ಲಿ ಬೇಗ ಮುಗಿಯುವ ಗಿಡ್ಡ ದಾರದ ಲಡಿಗಳನ್ನೇ ಆರಿಸಿ ತರುತ್ತೇನೆ.