ಸಾದಾ ಸೋಡಾ ಅವರ ಸಹವಾಸದೋಷ

ಶ್ರೀಮಾನ್ ಸಾದಾ ಸೋಡಾ ಅವರಿಗೆ,
ಫ್ರಿಜ್ಜಿನ ಕೆಳಗಿನ ಖಾನೆ,
ಒಂದು ಫ್ಯಾಮಿಲಿ ರೆಸ್ಟೋರೆಂಟು, ಸ್ಟೇಷನ್ ರಸ್ತೆ, ರಾಯಚೂರು.

ಬಣ್ಣವಿಲ್ಲದ, ವಾಸನೆಯಿಲ್ಲದ, ಸಕ್ಕರೆಯ ಸೋಂಕಿಲ್ಲದ ಮಾನ್ಯರೇ,

ನಲವತ್ತಮೂರು ಡಿಗ್ರಿ ಬಿಸಿಲಿನಲ್ಲೂ ತಣ್ಣಗೆ ಕೂತಿರುವ ಜಿಲ್ಲೆಯ ಕೆಲವೇ ಗಣ್ಯರಲ್ಲಿ ತಾವೂ ಒಬ್ಬರಾದ್ದರಿಂದ, ತಮ್ಮ ಕ್ಷೇಮ ವಿಚಾರಿಸುವುದು ಅಧಿಕಪ್ರಸಂಗವಾದೀತೆಂದು ಬಿಟ್ಟು, ನೇರವಾಗಿ ದೂರಿಗೆ ಬರುತ್ತೇನೆ.

ನನ್ನ ತಂದೆ ಕನಕರಾಯರು ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಿ ಪಿ.ಟಿ. ಮೇಷ್ಟ್ರು. ಮೂವತ್ತು ವರ್ಷ ಮಕ್ಕಳಿಗೆ ಸಾವಧಾನ್ ಹೇಳಿದ ಅವರಿಗೆ ಹೋದ ವರ್ಷ ಸಕ್ಕರೆ ಕಾಯಿಲೆಯೇ ಸಾವಧಾನ್ ಹೇಳಿತು. ಎಡಗಾಲಿನ ಹುಣ್ಣು ಮಾಯಲು ಮೂರು ತಿಂಗಳು ಹಿಡಿಯಿತು. ಇನ್ನೊಮ್ಮೆ ಹೀಗಾದರೆ ಬೆರಳು ಉಳಿಯುವುದಿಲ್ಲವೆಂದರು ಡಾಕ್ಟರು. ದೇವದುರ್ಗದ ಲ್ಯಾಬೊಂದರಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುವ ನನ್ನ ಅಕ್ಕ ನಾಗವೇಣಿ, ಬಣ್ಣದ ಬಾಟಲಿಗಳನ್ನೆಲ್ಲ ಮನೆಯಿಂದ ಗಡೀಪಾರು ಮಾಡಿ, ಹೋಟೆಲಿಗೆ ಹೋದಾಗ ಕುಡಿಯಲು ತಮ್ಮೊಬ್ಬರಿಗೆ ಮಾತ್ರ ಪರವಾನಗಿ ಕೊಟ್ಟಳು. ತಮ್ಮ ಗುಳ್ಳೆ ಮೂಗಿಗೆ ಹೊಡೆಯುವುದನ್ನೇ ಅಪ್ಪ ಒಂದು ಸುಖವೆಂದು ಕಲಿತರು. ತಮ್ಮ ಗುಣವನ್ನು ನಂಬಿದ ನಮಗೆ ತಮ್ಮ ಗೆಳೆಯರ ಬಳಗದ ಬಗ್ಗೆ ಯಾರೂ ಹೇಳಿರಲಿಲ್ಲ.

ಅಕ್ಕನಿಗೆ ಮಾನ್ವಿಯ ಬೀರೇಶ ಎಂಬವರ ಸಂಬಂಧ ಬಂದಿತ್ತು. ಅದುವರೆಗೆ ಬಂದ ಸಂಬಂಧಗಳಿಗೆಲ್ಲ ಬೇಡವೆಂದಿದ್ದ ಅಕ್ಕ ಇದಕ್ಕೆ ಮಾತ್ರ ತಾನಾಗಿ ಹೂಂ ಅಂದಿದ್ದಳು; ಹಿರಿಯರು ಒಪ್ಪುವುದೊಂದೇ ಬಾಕಿ. ಯಾರ ಊರೂ ಅಲ್ಲವೆಂಬ ಕಾರಣಕ್ಕೆ ರಾಯಚೂರನ್ನು ಆರಿಸಿ, ತಮ್ಮ ಸನ್ನಿಧಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಎರಡೂ ಮನೆಯವರು ಕೂಡಿದೆವು. ಬೀರೇಶನ ತಾಯಿ ಬಂಡೆಮ್ಮನವರು, ಮಾತಿಗೆ ಮೊದಲು ಬಾಯಿ ಸಿಹಿಯಾಗಲೆಂದು, ತಲೆಗೊಂದು ಕೆಂಪು ಶರಬತ್ತು ಹೇಳಿದರು. ಹೆಣ್ಣಿನ ಅಪ್ಪನಿಗೆ ಸಕ್ಕರೆಯೆಂದರೆ ನಾಳೆ ಹೆಣ್ಣಿನ ರಕ್ತದಲ್ಲೂ ಅದಿದೆಯೆಂಬ ಮಾತು ಬರುತ್ತದೆ, ಬಾಯಿ ಬಿಡಬೇಡಿರೆಂದು ಸಂಬಂಧ ತಂದ ಮಧ್ಯಸ್ಥರು ಮೊದಲೇ ತಾಕೀತು ಮಾಡಿದ್ದರಿಂದ, ಅಪ್ಪ ಕಾರಣ ಹೇಳದೆ, "ನನಗೊಂದು ಸಾದಾ ಸೋಡಾ ಸಾಕ್ರಿ" ಎಂದರು.

ಆ ರೆಸ್ಟೋರೆಂಟಿನ ಸಪ್ಲೈಯರ್ ಗುಲಾಮ್ ರಸೂಲ್ ಅವರ ಸೌಜನ್ಯವನ್ನು ಎಷ್ಟು ಹೊಗಳಿದರೂ ಸಾಲದು. ಅಪ್ಪನ ಕಿವಿಗೆ ಬಾಗಿ, ಇಡೀ ಮೇಜಿಗೆ ಕೇಳುವಷ್ಟು ಮೆತ್ತಗೆ, "ಸಾಬ್, ಇದು ಫ್ಯಾಮಿಲಿ ಕಡಿ ಅದರೀ. ಪರದಾದ ಆ ಕಡಿ ಕುಂದರ್ರಿ, ಯಾರೂ ನೋಡಂಗಿಲ್ಲ" ಎಂದರು. "ಏ, ಬರೇ ಸೋಡಾರೀ ಯಪ್ಪಾ" ಎಂದು ಅಪ್ಪ ಬೇಡಿಕೊಂಡರೆ, "ಗೊತ್ತಾತ್ರಿ, ಗೊತ್ತಾತ್ರಿ" ಎಂದು ಒಂದು ಕಣ್ಣು ಮುಚ್ಚಿ ಹೋದವರು, ತಮ್ಮನ್ನು ಕರೆತರುವಾಗ ಜೊತೆಗೆ ಖಾಲಿ ಗ್ಲಾಸು, ಮಂಜುಗಡ್ಡೆ, ಉಳ್ಳಾಗಡ್ಡಿ ಉದುರಿಸಿದ ಖಾರದ ಶೇಂಗಾ ಎಲ್ಲವನ್ನೂ ತಂದಿಟ್ಟರು. ತಮ್ಮನ್ನು ಕರೆದವರಿಗೆ ಇವಿಷ್ಟನ್ನು ಕೇಳದೆಯೇ ಕೊಡುವುದು ಅಲ್ಲಿಯ ಸಂಪ್ರದಾಯವಂತೆ. ಅಷ್ಟಕ್ಕೇ ನಿಲ್ಲದೆ ಅಪ್ಪನ ಕಾಲ ಬಳಿಯ ಕೈಚೀಲ ನೋಡಿ, "ಚೀಲದಾಗಿಂದು ಮ್ಯಾಲ ಇಡಬ್ಯಾಡ್ರಿ ಸಾಬ್, ಮಾಲಕ್ರು ನನಗ ಬೈತಾರ" ಎಂದು ಹಿತವಚನವನ್ನೂ ಹೇಳಿದರು. ಚೀಲದಲ್ಲಿದ್ದದ್ದು ಬಾಟಲಿಯಲ್ಲ, ಎರಡು ಜೋಳದ ರೊಟ್ಟಿ, ಪುಂಡಿಪಲ್ಯ.

ಬಂಡೆಮ್ಮನವರ ಕುರ್ಚಿ ಗೇಣುದ್ದ ಹಿಂದೆ ಸರಿಯಿತು. ತಾವಾದರೂ ಆಗ ಒಂದು ಮಾತು ಆಡಬಹುದಿತ್ತು. ಮುಚ್ಚಳ ತೆಗೆದಾಗ ಒಮ್ಮೆ 'ಟುಸ್' ಎಂದವರು, ಮತ್ತೆ ನನ್ನಂತೆಯೇ ತೆಪ್ಪಗೆ ಕೂತಿರಿ.

ಮೂರನೆಯ ದಿನ ಮಧ್ಯಸ್ಥರ ಫೋನು ಬಂತು: "ಹುಡುಗಿ ಬಂಗಾರ ಅಂತಾರ್ರಿ. ಆದ್ರ ಬೀಗರು ಮುಂಜಾನಿ ಹನ್ನೊಂದಕ್ಕ ಸೋಡಾ ಕೇಳಿದ್ರ, ಸಂಜಿಗಿ ಏನ್ ಕೇಳ್ತಾರ ಅಂತ ಬಂಡೆಮ್ಮಗ ಚಿಂತಿ ಹತ್ಯಾದ." ಕುಡುಕರು ಶಾಲೆಯ ಮೈದಾನದಲ್ಲಿ ಬಾಟಲಿ ಒಡೆದು ಹೋದರೆಂದು ಪ್ರತಿ ಸೋಮವಾರ ಗಾಜು ಆರಿಸುತ್ತಿದ್ದ ನನ್ನ ಅಪ್ಪನಿಗೆ ಈ ಮರ್ಯಾದೆ ತಮ್ಮಿಂದ ದೊರೆಯಿತು.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ದಯವಿಟ್ಟು ತಾವು ಗೆಜೆಟೆಡ್ ಅಧಿಕಾರಿಯೊಬ್ಬರಿಂದ ನಡತೆಯ ಪ್ರಮಾಣಪತ್ರ ಪಡೆದು ಮೈಮೇಲೆ ಅಂಟಿಸಿಕೊಳ್ಳಬೇಕು. ಅದು ತಡವಾದರೆ, 'ಈ ಬಾಟಲಿ ಒಂಟಿಯಾಗಿ ಬಂದಿದೆ, ಹಿಂದಿನಿಂದ ಯಾರೂ ಬರುವುದಿಲ್ಲ' ಎಂಬ ಫಲಕವನ್ನಾದರೂ ಕೊರಳಿಗೆ ಹಾಕಿಕೊಳ್ಳಬೇಕು. ಅದೂ ಆಗದಿದ್ದರೆ ಸಕ್ಕರೆಯಿಲ್ಲದೆ ಕೆಂಪಾಗುವ ವಿದ್ಯೆಯನ್ನು ಶರಬತ್ತಿನವರಿಂದ ಕಲಿಯಬೇಕು. ಅವರನ್ನು ನೋಡಿ: ಎಷ್ಟು ಮನೆಗಳಲ್ಲಿ ಎಷ್ಟು ಕಾಲು, ಎಷ್ಟು ಕಣ್ಣು ಕೆಡಿಸಿದ್ದರೂ ಇಂದಿಗೂ ಹಿರಿಯರ ಸಾಲಿನಲ್ಲೇ ಅವರ ಆಸನ. ಯಾರಿಗೂ ಏನೂ ಮಾಡದ ತಾವು ಮಾತ್ರ ಪರದೆಯ ಹಿಂದೆ.

ಮುಂದಿನದನ್ನೂ ತಾವು ತಿಳಿಯಬೇಕು. ಅಪ್ಪ ಮಾನ್ವಿಗೆ ಬಂದು ಬಂಡೆಮ್ಮನ ಮನೆಯಲ್ಲಿ ಒಂದು ಗ್ಲಾಸು ಶರಬತ್ತು ಕುಡಿದುಬಿಟ್ಟರೆ ಸಂಶಯ ತೀರುತ್ತದೆಂದು ಮಧ್ಯಸ್ಥರು ದಾರಿ ತೋರಿಸಿದರು. ಅಕ್ಕ ಬೇಡವೆಂದು ಜಗಳವಾಡಿದಳು. ಅಪ್ಪ ಆಗಲೇ ಇಸ್ತ್ರಿ ಅಂಗಿ ತೊಟ್ಟಾಗಿತ್ತು. ಅಕ್ಕನೂ ನಾನೂ ಜೊತೆಗೆ ಹೊರಟೆವು. ಅಲ್ಲಿ ಅಪ್ಪ ಮೊದಲ ಗ್ಲಾಸನ್ನು ಪರೇಡಿನಲ್ಲಿ ನಿಂತವರಂತೆ ಸೆಟೆದು ಕೂತು ಮುಗಿಸಿದರು. "ಇನ್ನೊಂದು ತಗೋರಿ ಮಾಸ್ತರ್ರ, ನಾಚಬ್ಯಾಡ್ರಿ" ಎಂದು ಬಂಡೆಮ್ಮನವರು ಪ್ರಸನ್ನರಾದರು. ಎರಡನೆಯದೂ ಹೋಯಿತು. ಅರ್ಧ ತಾಸಿನ ಮೇಲೆ ಮೂರನೆಯದು ಬಂದಾಗ ಅಕ್ಕ ಎದ್ದಳು. ತನ್ನ ಬ್ಯಾಗಿನಿಂದ ಸಕ್ಕರೆ ನೋಡುವ ಮಿಷನ್ನು ತೆಗೆದು, ಎಲ್ಲರ ಮುಂದೆ ಅಪ್ಪನ ಬೆರಳು ಚುಚ್ಚಿ, ನಾಲ್ಕುನೂರ ಹನ್ನೆರಡು ಎಂಬ ಅಂಕಿಯನ್ನು ಬಂಡೆಮ್ಮನವರ ಕೈಗೆ ಕೊಟ್ಟಳು.

"ಅತ್ತೀ, ನಮ್ಮಪ್ಪ ಸೋಡಾ ಕೇಳಿದ್ದು ಇದಕ್ಕ ಹೆದರಿ. ಈಗ ನೀವ ಹೇಳ್ರಿ, ಇನ್ನೊಂದು ಕುಡಸ್ತೀರೇನು?"

ಮಧ್ಯಸ್ಥರು ಫ್ಯಾನಿನ ರೆಕ್ಕೆ ಎಣಿಸತೊಡಗಿದರು. ಬೀರೇಶ ಎದ್ದು ಬಂದು ಅಪ್ಪನ ಮುಂದಿದ್ದ ಗ್ಲಾಸನ್ನು ಒಳಗೆ ಒಯ್ದ. ಬಂಡೆಮ್ಮನವರು ಅಂಕಿಯನ್ನೇ ನೋಡುತ್ತ, "ಇದು ಎಷ್ಟಿರಬೇಕವ್ವಾ?" ಎಂದರು. ಕುಡಿದ ಮೇಲೂ ನೂರೆಂಬತ್ತು ದಾಟಬಾರದೆಂದು ಅಕ್ಕ ಹೇಳಿದಳು. ಅವರು ತುಸು ಹೊತ್ತು ಸೆರಗಿನ ಅಂಚು ತಿರುವಿ, ಆಮೇಲೆ ಮೆಲ್ಲಗೆ ತಮ್ಮ ಬೆರಳು ಚಾಚಿದರು.

"ನಂದೂ ಒಂದ್ಸಲ ನೋಡು. ರಾತ್ರಿ ನಾಕ್ ಸಲ ಏಳ್ತೀನಿ, ಬಾಯಿ ಒಣಗ್ತದ. ಯಾರಿಗೂ ಹೇಳಿಲ್ಲ."

ಮುನ್ನೂರ ತೊಂಬತ್ತು. ಯಾವ ಜಾತಕವೂ ಎರಡು ಮನೆಗಳನ್ನು ಇಷ್ಟು ಹತ್ತಿರ ಕೂಡಿಸಿರಲಾರದು. ಅಂದು ಬಂಡೆಮ್ಮನವರು ನಾವು ಬಸ್ ಹತ್ತುವವರೆಗೆ ಅಕ್ಕನ ಕೈ ಬಿಡಲಿಲ್ಲ, ಲಗ್ನ ಗಟ್ಟಿಯಾಯಿತು. ಇದರಲ್ಲಿ ತಮ್ಮ ಪಾಲು ಏನೇನೂ ಇಲ್ಲವೆಂಬುದನ್ನು ತುಂಬು ಗೌರವದಿಂದ ದಾಖಲಿಸುತ್ತೇನೆ.

ತಮ್ಮ ಮೇಲೆ ಇಷ್ಟಾದರೂ ವಿಶ್ವಾಸ ಉಳಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ಪ್ರಿಯದರ್ಶಿನಿ, ಎಂ.ಎ.
ಜಾಲಹಳ್ಳಿ

ಮರೆತ ಮಾತು: ಬಂಡೆಮ್ಮನವರು ಈಗ ದಿನಕ್ಕೊಂದು ಬಾಟಲಿಯಂತೆ ತಮ್ಮನ್ನೇ ಮನೆಗೆ ಕರೆಸಿಕೊಳ್ಳುತ್ತಾರೆ. ಅಭಿನಂದನೆಗಳು. ಅಂಗಡಿಯಿಂದ ತರುವಾಗ ಮಾತ್ರ, ಓಣಿಯವರು ನೋಡಿ ಏನಾದರೂ ಅಂದುಕೊಂಡಾರೆಂದು, ತಮಗೆ ಹಳೆಯ ಪೇಪರು ಸುತ್ತಿ, ಸೆರಗಿನ ಕೆಳಗೆ ಮುಚ್ಚಿಕೊಂಡು ತರುತ್ತಾರಂತೆ. ಅದನ್ನು ನೋಡಿದ ಓಣಿಯವರು ಈಗ ಖಚಿತವಾಗಿಯೇ ಅಂದುಕೊಂಡಿದ್ದಾರೆ.